ಮೊದಲು ಮಾತಾಡಿ, ಆಮೇಲೆ ಮಾರಿ

ಕೇಳುಗರೇ, ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿಕೊಂಡು ಕೂತವರು ಯಾರ್ಯಾರು ಇರಬಹುದು ಅಂತ ಯೋಚನೆ ಮಾಡಿಕೊಂಡೇ ಬಂದಿದ್ದೇನೆ. ಶಿರಸಿ ಕಡೆ ಅಡಿಕೆ ಸುಲಿಯುತ್ತಾ ಕೂತವರು. ಕುಮಟಾದಲ್ಲಿ ಅಂಗಡಿ ಬಾಗಿಲು ತೆಗೆದು ಮೊದಲ ಗಿರಾಕಿಗೆ ಕಾಯುತ್ತಿರುವವರು. ಗೋಕರ್ಣದಲ್ಲಿ ಮನೆಯ ಎರಡು ಕೋಣೆಯನ್ನು ಹೋಂಸ್ಟೇ ಮಾಡಿಕೊಂಡವರು. ಸ್ವಸಹಾಯ ಸಂಘದಲ್ಲಿ ಹಪ್ಪಳ, ಚಿಪ್ಸು, ತೊಡೆದೇವು ಮಾಡುವ ಅಕ್ಕಂದಿರು. ನಿಮ್ಮಲ್ಲಿ ಹೆಚ್ಚಿನವರ ಹತ್ತಿರ ಒಂದು ಫೋನ್ ಇದೆ. ಅದರಲ್ಲಿ ಫೇಸ್‌ಬುಕ್ ಪೇಜೋ, ಇನ್‌ಸ್ಟಾಗ್ರಾಂ ಖಾತೆಯೋ, ಏನೂ ಇಲ್ಲ ಅಂದರೆ ವಾಟ್ಸಾಪ್ ಸ್ಟೇಟಸ್ಸಾದರೂ ಇದೆ. ಬೆಳಿಗ್ಗೆ ಎದ್ದು ನೀವು ಅಲ್ಲಿ ಹಾಕುವುದು ಏನು? ಮಾಲಿನ ಫೋಟೋ, ದರ, ಫೋನ್ ನಂಬರು, ಕೆಳಗೆ "ಇಂದೇ ಆರ್ಡರ್ ಮಾಡಿ". ಮರುದಿನ? ಅದೇ. ಅದರ ಮರುದಿನ? ಅದೇ, ಜೊತೆಗೆ ಒಂದು ಗುಡ್ ಮಾರ್ನಿಂಗ್ ಗುಲಾಬಿ.

ಹೌದಲ್ವಾ?

ನಾನು ಇವತ್ತು ಹೇಳುವುದು ಒಂದೇ ಮಾತು. ಪೆನ್ನು, ಹಾಳೆ ಹುಡುಕಬೇಡಿ. ಮೊದಲು ಮಾತಾಡಿ, ಆಮೇಲೆ ಮಾರಿ. ಅಷ್ಟೇ.

ನಮ್ಮ ಕರಾವಳಿಯಲ್ಲಿ ಮನೆ ಬಾಗಿಲಿಗೆ ಮೀನು ತರುವ ಅಕ್ಕನನ್ನು ನೋಡಿ. ಬುಟ್ಟಿ ಇಳಿಸುವ ಮೊದಲೇ "ಮಗಳು ಹೆರಿಗೆಗೆ ಬಂದಳಾ, ಅಜ್ಜನ ಮಂಡಿನೋವು ಹೇಗಿದೆ" ಅಂತ ಕೇಳಿ ಆಗಿರುತ್ತದೆ. ಬಂಗಡೆಯ ದರ ಬರುವುದು ಆಮೇಲೆ. ದರದಲ್ಲಿ ಅವಳು ಒಂದು ರೂಪಾಯಿಯನ್ನೂ ಬಿಡುವುದಿಲ್ಲ, ಆ ಮಾತು ಬೇರೆ. ಆದರೂ ನಾಳೆ ಅವಳಿಗೇ ಕಾಯುತ್ತೇವೆ. ಘಟ್ಟದ ಮೇಲಿನ ಶಾಕಾಹಾರಿ ಕೇಳುಗರು ಕ್ಷಮಿಸಿ, ನೀವು ಬಂಗಡೆಯ ಬದಲು ಬಸಳೆ ಅಂದುಕೊಳ್ಳಿ.

ಇದು ಬರೀ ಒಳ್ಳೆಯ ಮಾತಿಗಾಗಿ ಹೇಳುತ್ತಿಲ್ಲ. ಫೋನಿನ ಒಳಗಿನ ಲೆಕ್ಕವೂ ಹೀಗೇ ಇದೆ. ನಿಮ್ಮ ಪೇಜಿಗೆ ಸಾವಿರ ಜನ ಇದ್ದಾರೆ ಅಂದರೆ ನೀವು ಹಾಕಿದ್ದು ಸಾವಿರ ಜನರಿಗೂ ಕಾಣುತ್ತದೆ ಅಂತ ನೀವು ತಿಳಿದಿದ್ದೀರಿ. ಕಾಣುವುದಿಲ್ಲ. ಯಾರಿಗೆ ತೋರಿಸಬೇಕು ಅಂತ ಫೇಸ್‌ಬುಕ್ಕೇ ತೀರ್ಮಾನ ಮಾಡುತ್ತದೆ. 2018ರ ಜನವರಿಯಲ್ಲಿ ಅವರು ಬಹಿರಂಗವಾಗಿಯೇ ಹೇಳಿದರು: ಗೆಳೆಯರು, ಮನೆಯವರು ಹಾಕಿದ್ದು, ಜನ ಪರಸ್ಪರ ಮಾತಾಡಿಕೊಳ್ಳುವಂಥದ್ದು, ಇವು ಇನ್ನು ಮುಂದೆ ಜಾಸ್ತಿ ಕಾಣುತ್ತವೆ, ವ್ಯಾಪಾರದ ಪೇಜುಗಳದ್ದು ಕಡಿಮೆ. ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ನೋಡಿದ್ದನ್ನು ಇನ್ನೊಬ್ಬ ಗೆಳೆಯರಿಗೆ ಕಳಿಸಿದರೆ ಅದಕ್ಕೆ ದೊಡ್ಡ ಬೆಲೆ. ಈಗ ನೀವೇ ಹೇಳಿ, ನಿಮ್ಮ ದರಪಟ್ಟಿಯನ್ನು ಯಾರು ಯಾರಿಗೆ ಕಳಿಸುತ್ತಾರೆ?

ಒಂದು ಕಥೆ ಹೇಳಲೇಬೇಕು. ಎಲ್ಲಿ ಹೋದರೂ ಹೇಳುತ್ತೇನೆ, ಇಲ್ಲಿಯೂ ಬಿಡುವುದಿಲ್ಲ.

ಶಿರಸಿ ಮತ್ತು ಸಿದ್ದಾಪುರದ ನಡುವೆ ಒಂದು ಊರು. ಅಲ್ಲೊಬ್ಬರು ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತಾರೆ. ಹೆಸರು ಬೇಡ, ಅವರಿಗೆ ಸಂಕೋಚ. ಅಪ್ಪೆಮಿಡಿ ಅಂದರೆ ಹೊಳೆಯಂಚಿನ ಕಾಡುಮಾವಿನ ಎಳೆಗಾಯಿ. 2009ರಲ್ಲಿ ಅದಕ್ಕೆ ಜಿಐ ಟ್ಯಾಗ್ ಬಂದಿದೆ, ಅಂದರೆ ಇದು ಈ ನೆಲದ್ದೇ ಅನ್ನುವ ಗುರುತು. ಒಂದೊಂದು ಮರಕ್ಕೆ ಒಂದೊಂದು ಪರಿಮಳ. ಜೀರಿಗೆ ವಾಸನೆಯದ್ದು ಜೀರಿಗೆ ಮಿಡಿ, ಕರ್ಪೂರದ ವಾಸನೆಯದ್ದು ಕರ್ಪೂರ ಮಿಡಿ. ಅನಂತ ಭಟ್ಟನ ಅಪ್ಪೆ ಅಂತ ಹೆಸರು ತೆಗೆದರೆ ನಮ್ಮ ಕಡೆಯವರ ಬಾಯಲ್ಲಿ ನೀರು. ಇಂಥ ಮಾಲು ಮನೆಯಲ್ಲಿಟ್ಟುಕೊಂಡು ಆ ಅಕ್ಕ ಪೇಜಿನಲ್ಲಿ ಹಾಕುತ್ತಿದ್ದದ್ದು ಬಾಟಲಿ. ಸೋಮವಾರ ಬಾಟಲಿ. ಮಂಗಳವಾರ ಅದೇ ಬಾಟಲಿ. ಬುಧವಾರ ಬಾಟಲಿಯ ಪಕ್ಕ ಒಂದು ದಾಸವಾಳ. ಲೈಕ್ ಕೊಡುವವರು ಅವರ ತಮ್ಮ, ತಮ್ಮನ ಹೆಂಡತಿ.

"ತಮಾ, ಆನು ದಿನಾ ಹಾಕ್ತಿ, ಯಾರೂ ನೋಡ್ತ್ವಿಲ್ಲೆ. ಎಂತ ಮಾಡವು?" ಅಂತ ಕೇಳಿದರು. ದುಡ್ಡು ಕಟ್ಟಿ ಬೂಸ್ಟ್ ಮಾಡು ಅಂತ ಮಗ ಹೇಳಿದ್ದನಂತೆ. ನಾನು, "ಅಕ್ಕಾ, ದುಡ್ಡು ಕಟ್ಟಬೇಡಿ. ಒಂದು ವಾರ ಆ ಬಾಟಲಿಯನ್ನು ಕಪಾಟಿನಲ್ಲಿಡಿ" ಅಂದೆ. ಅವರಿಗೆ ಸಿಟ್ಟೇ ಬಂತು. ಮಾಲು ತೋರಿಸದೆ ಮಾರುವುದನ್ನು ಎಲ್ಲಿ ಕಲಿತೆ ಅಂತ ಕೇಳಿದರು.

ಮಾರ್ಚ್ ತಿಂಗಳು. ಜಗಲಿಯಲ್ಲಿ ಆಗಷ್ಟೇ ಕೊಯ್ದು ತಂದ ಮಿಡಿ ಹರಡಿತ್ತು. ತೊಟ್ಟಿನಿಂದ ಸೊನೆ ಒಸರುತ್ತಿತ್ತು. ಅದರದ್ದೇ ಫೋಟೋ ತೆಗೆದೆವು. ಕೆಳಗೆ ಏನು ಬರೆಯುವುದು? ನೀವು ಮಿಡಿ ಉಪ್ಪಿಗೆ ಹಾಕುವಾಗ ಮನೆಯಲ್ಲಿ ಎಂತ ಮಾತಾಡಿಕೊಳ್ಳುತ್ತೀರೋ ಅದನ್ನೇ ಬರೆಯಿರಿ ಅಂದೆ. ಅವರು ಬರೆದರು: "ಮಿಡಿ ಉಪ್ಪಿಗೆ ಹಾಕುವಾಗ ನಿಮ್ಮ ಮನೆಯಲ್ಲಿ ತೊಟ್ಟು ಇಡುತ್ತೀರೋ, ಮುರಿಯುತ್ತೀರೋ? ನಮ್ಮ ಅತ್ತೆ ಇಡು ಅನ್ನುತ್ತಿದ್ದರು. ಅಮ್ಮ ಮುರಿ ಅನ್ನುತ್ತಿದ್ದರು. ನಾನು ಇವತ್ತಿಗೂ ನಡುವೆ ಸಿಕ್ಕಿಬಿದ್ದಿದ್ದೇನೆ." ದರ ಇಲ್ಲ. ಫೋನ್ ನಂಬರ್ ಇಲ್ಲ. ದಾಸವಾಳವೂ ಇಲ್ಲ.

ಸಂಜೆಯ ಹೊತ್ತಿಗೆ ಅಲ್ಲಿ ಜಗಳವೇ ಶುರುವಾಗಿತ್ತು! ಸಾಗರದವರೊಬ್ಬರು, ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದ ಮೇಲೆ ಪರಿಮಳ ಎಲ್ಲಿಂದ ಬರಬೇಕು ಅಂದರು. ಯಲ್ಲಾಪುರದವರು, ತೊಟ್ಟು ಬಿಟ್ಟರೆ ಊಟಕ್ಕೆ ಕೂತಾಗ ನಾಲಿಗೆಗೆ ಚುಚ್ಚುತ್ತದೆ ಅಂದರು. ಇನ್ನೊಬ್ಬರು ತೊಟ್ಟಿನ ಗೊಡವೆಗೇ ಹೋಗದೆ, ಕೆಳಗೆ ಬಿದ್ದ ಮಿಡಿ ಮಾತ್ರ ಹಾಕಬೇಡಿ, ಪೆಟ್ಟು ತಿಂದ ಒಂದು ಮಿಡಿ ಇಡೀ ಭರಣಿ ಕೆಡಿಸುತ್ತದೆ ಅಂತ ಬುದ್ಧಿ ಹೇಳಿದರು. ಅಲ್ಲಿಂದ ಮಾತು ಸಾಸಿವೆಗೆ ಹೋಯಿತು. ಹುರಿಯಬೇಕೋ, ಹಸಿಯಾಗಿಯೇ ಬೀಸಬೇಕೋ? ಗಂಡ ಹೆಂಡತಿ ಇಬ್ಬರೂ ಅಲ್ಲಿಗೇ ಬಂದು ಬೇರೆ ಬೇರೆ ಪಕ್ಷ ಹಿಡಿದರು. ಬೆಂಗಳೂರಿನಲ್ಲಿರುವ ಹುಡುಗನೊಬ್ಬ, ತೊಟ್ಟು, ಸಾಸಿವೆ ಎಲ್ಲ ತನಗೆ ಗೊತ್ತಿಲ್ಲ, ಅಜ್ಜಿ ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮುಟ್ಟಿದರೆ ಕೈ ಮುರಿಯುತ್ತೇನೆ ಅಂತ ಹೆದರಿಸುತ್ತಿದ್ದದ್ದು ನೆನಪಿದೆ ಅಂತ ಬರೆದ. ಅವನ ಅಜ್ಜಿಗೆ ಬಂದಷ್ಟು ಲೈಕ್ ಆ ಬಾಟಲಿಗೆ ಜನ್ಮದಲ್ಲಿ ಬಂದಿರಲಿಲ್ಲ.

ಈಗ ಮುಖ್ಯ ವಿಷಯ, ಸ್ವಲ್ಪ ಗಮನ ಇಟ್ಟು ಕೇಳಿ. ಆ ಅಕ್ಕ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತು ಒಬ್ಬೊಬ್ಬರಿಗೂ ಉತ್ತರ ಬರೆದರು. ಎರಡು ಕೈ ಮುಗಿಯುವ ಚಿತ್ರ ಒತ್ತಿ ಬಿಟ್ಟುಬಿಡಲಿಲ್ಲ. "ನಿಮ್ಮಜ್ಜಿಯ ಊರು ಯಾವುದು?" "ನೀವು ಉಪ್ಪಿನಲ್ಲಿ ಎಷ್ಟು ದಿನ ಬಿಡ್ತೀರಿ?" ಹೀಗೆ ಉತ್ತರದ ಜೊತೆ ಇನ್ನೊಂದು ಪ್ರಶ್ನೆ. ಅವರು ಮತ್ತೆ ಬಂದು ಬರೆದರು. ಬರೆದ ಹಾಗೆಲ್ಲ ಫೇಸ್‌ಬುಕ್ ಅದನ್ನು ಇನ್ನಷ್ಟು ಜನರ ಮುಂದೆ ತಳ್ಳಿತು. ಕೆಲವು ದಿನ ಬಿಟ್ಟು ಉಪ್ಪಿನಲ್ಲಿ ಮುರುಟಿದ ಮಿಡಿಯ ಫೋಟೋ ಹಾಕಿದರು. ಆಮೇಲೆ ಮಸಾಲೆ ಬೀಸುವ ಒಂದು ಸಣ್ಣ ವಿಡಿಯೋ. ವಿಡಿಯೋದಲ್ಲಿ ಹಿಂದೆ ಎಲ್ಲೋ ದನ ಕೂಗುತ್ತಿತ್ತು, ಅದನ್ನೂ ಜನ ಮೆಚ್ಚಿದರು.

ಅದರ ಕೆಳಗೆ ಒಬ್ಬರು ಕೇಳಿದರು, "ಅಕ್ಕಾ, ನೀವು ಉಪ್ಪಿನಕಾಯಿ ಮಾರ್ತೀರಾ?"

ನೋಡಿ! ತಿಂಗಳುಗಟ್ಟಲೆ ದಿನಾ ಬಾಟಲಿ, ದರ, ನಂಬರು ಹಾಕಿದ ಪೇಜಿನಲ್ಲಿ ಬಂದ ಪ್ರಶ್ನೆ ಇದು. ಅವರು ಮಾರುತ್ತಾರೆ ಅನ್ನುವುದು ಯಾರ ತಲೆಗೂ ಹೋಗಿರಲಿಲ್ಲ. ಆ ವರ್ಷ ಮಳೆಗಾಲ ಹಿಡಿಯುವ ಮೊದಲೇ ಅವರು ಹಾಕಿದ ಭರಣಿಗಳೆಲ್ಲ ಬುಕ್ ಆದವು. ಅವರು ಏನು ಮಾಡಿದರು? ಮೊದಲು ಮಾತಾಡಿದರು.

ಕಥೆ ಉದ್ದವಾಯಿತು, ಗೊತ್ತು. ನನಗೆ ಕೊಟ್ಟ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಉಪ್ಪಿನಕಾಯಿಗೇ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಹೋಂಸ್ಟೇ ನಡೆಸುವವರೇ, ನಿಮ್ಮ ಕೋಣೆಯ ಮಂಚದ ಫೋಟೋ ಸಾಕು. ಮಂಚ ಎಲ್ಲ ಕಡೆ ಇದೆ. ಮಳೆಗಾಲದಲ್ಲಿ ಉಂಚಳ್ಳಿ ಜಲಪಾತದ ದಾರಿ ಇವತ್ತು ಹೇಗಿದೆ ಅಂತ ಹೇಳಿ. ಜಾರುತ್ತಿದ್ದರೆ ಜಾರುತ್ತಿದೆ ಅನ್ನಿ. "ಉಂಬಳ ಕಚ್ಚಿದರೆ ನೀವು ಎಂತ ಹಚ್ಚುತ್ತೀರಿ, ಉಪ್ಪೋ, ಸುಣ್ಣವೋ, ತಂಬಾಕೋ?" ಅಂತ ಕೇಳಿ ನೋಡಿ. ಇಡೀ ಮಲೆನಾಡು ಉತ್ತರ ಕೊಡುತ್ತದೆ. ನಿಜ ಹೇಳುವವರ ಮನೆಗೆ ಜನ ಬರುತ್ತಾರೆ.

ಮೀನಿನ ವ್ಯಾಪಾರದವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ಪೇಜಿಗೂ ಬೀಗ ಹಾಕಿಬಿಡುತ್ತೀರಿ. ಯಾಕೆ? ಮಾತಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇದೆಯಾ? ಬಲೆ ಹೆಣೆಯುವುದು ತೋರಿಸಿ. ಈ ನಿಷೇಧ ಯಾಕೆ, ಮೀನು ಮರಿ ಮಾಡುವ ಕಾಲಕ್ಕೂ ಇದಕ್ಕೂ ಏನು ಸಂಬಂಧ ಅಂತ ಹೇಳಿ. ಒಣಮೀನಿನ ಸಾರಿಗೆ ಯಾರ ಮನೆಯಲ್ಲಿ ಏನು ಹಾಕುತ್ತಾರೆ ಅಂತ ಕೇಳಿ. ಆಗಸ್ಟ್‌ನಲ್ಲಿ ದೋಣಿ ಇಳಿದ ದಿನ ಗಿರಾಕಿ ನಿಮ್ಮನ್ನೇ ನೆನಪು ಮಾಡಿಕೊಳ್ಳುತ್ತಾರೆ.

ಕುಮಟಾದ ಸಿಹಿ ಈರುಳ್ಳಿಯವರಿಗೆ, ಅಂಕೋಲೆಯ ಕರಿ ಇಶಾಡ ಮಾವಿನವರಿಗೂ ಇದೇ ಮಾತು. ಕರಿ ಇಶಾಡಿಗೆ 2023ರಲ್ಲಿ ಜಿಐ ಬಂತು ಅಂತ ಎಲ್ಲರೂ ಪೋಸ್ಟರ್ ಹಾಕಿದರು. ಆ ಹಣ್ಣನ್ನು ಹೇಗೆ ತಿನ್ನಬೇಕು ಅಂತ ಹೇಳಿದವರು ಕಡಿಮೆ.

ವಾಟ್ಸಾಪ್. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಮದುವೆಯ ತಯಾರಿಗೆ ಅಂತ ಮನೆಯವರು ಮಾಡಿಕೊಂಡ ಗ್ರೂಪಿನಲ್ಲಿ ದರಪಟ್ಟಿ ಹಾಕಬೇಡಿ. ದಯವಿಟ್ಟು. ಬ್ರಾಡ್‌ಕಾಸ್ಟ್ ಲಿಸ್ಟ್ ಅಂತ ಒಂದಿದೆ, ಒಂದು ಸಲ ಬರೆದದ್ದು ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ನಂಬರು ಉಳಿಸಿಕೊಳ್ಳುವುದು ಯಾರದ್ದನ್ನು? ಮಾತಾಡಿದವರದ್ದನ್ನು.

"ಲೈಕ್ ಮಾಡಿ, ಶೇರ್ ಮಾಡಿ, ಮೂರು ಜನರನ್ನು ಟ್ಯಾಗ್ ಮಾಡಿ" ಅಂತ ಗೋಗರೆಯುವುದು ಮಾತಾಡಿದ ಹಾಗೆ ಆಗುವುದಿಲ್ಲ. ಅಂಥದ್ದನ್ನು ಕೆಳಗೆ ತಳ್ಳುತ್ತೇವೆ ಅಂತ ಫೇಸ್‌ಬುಕ್ 2017ರ ಡಿಸೆಂಬರಿನಲ್ಲೇ ಹೇಳಿದೆ. ದುಡ್ಡು ಕೊಟ್ಟು ಫಾಲೋವರ್‌ಗಳನ್ನು ಕೊಂಡುಕೊಳ್ಳುವುದಂತೂ ಶುದ್ಧ ದಂಡ. ಅವರು ಉಪ್ಪಿನಕಾಯಿ ತಿನ್ನುವವರಲ್ಲ, ಹಲವರು ಮನುಷ್ಯರೇ ಅಲ್ಲ.

ಯಾರಾದರೂ "ಬಾಟಲಿ ಸೋರಿತ್ತು" ಅಂತ ಎಲ್ಲರ ಎದುರು ಬರೆದರೆ ಅದನ್ನು ಅಳಿಸಬೇಡಿ. ಅಲ್ಲಿಯೇ ಉತ್ತರ ಕೊಡಿ. ಬೇರೆ ಬಾಟಲಿ ಕಳಿಸುತ್ತೇವೆ ಅನ್ನಿ, ಕಳಿಸಿ. ನೂರು ಜನ ಅದನ್ನು ಸುಮ್ನೆ ನೋಡುತ್ತಾ ಇರುತ್ತಾರೆ.

ಹಾಗಾದರೆ ದರ ಯಾವತ್ತೂ ಹಾಕಬಾರದಾ ಅಂತ ಕೇಳುತ್ತೀರಿ. ಹಾಕಿ. ಹತ್ತು ಸಲ ಪೇಜಿಗೆ ಬಂದರೆ ಎಂಟು ಸಲ ಮಾತು, ಎರಡು ಸಲ ಮಾರಾಟ. ಆ ಎರಡು ಸಲ ನಾಚಿಕೆ ಇಲ್ಲದೆ ಮಾರಿ. ದರ, ಅಳತೆ, ಕಳಿಸುವ ಖರ್ಚು ಎಲ್ಲ ಸ್ಪಷ್ಟವಾಗಿ ಇರಲಿ. ಇನ್‌ಬಾಕ್ಸಿಗೆ ಬನ್ನಿ, ದರ ಹೇಳುತ್ತೇವೆ ಅನ್ನುವ ಗುಟ್ಟು ಬೇಡ.

"ಮಾತಾಡೋಕೆ ನಮಗೆಲ್ಲಿ ಟೈಮಿದೆ?" ಅನ್ನುವವರು ನಾನು ಯಾವ ತರಬೇತಿ ಕೊಡಲು ಹೋದರೂ ಸಿಗುತ್ತಾರೆ. ದಿನಾ ಫೋಟೋಕ್ಕೆ ಹೂವು ಜೋಡಿಸುವುದಕ್ಕೆ ಟೈಮಿರುತ್ತದೆ ಅವರಿಗೆ! ಆ ಹೊತ್ತನ್ನೇ ಉತ್ತರಕ್ಕೆ ಕೊಡಿ, ಸಾಕು.

ಇವತ್ತು ರಾತ್ರಿ ಹೊಸದು ಏನೂ ಹಾಕಬೇಡಿ. ಪೇಜು ತೆಗೆದು ಹಿಂದೆ ಹೋಗಿ. ಜನ ಏನೋ ಕೇಳಿ, ನೀವು ಉತ್ತರ ಕೊಡದೆ ಬಿಟ್ಟದ್ದು ಖಂಡಿತ ಇರುತ್ತದೆ. ತಿಂಗಳು ಕಳೆದಿದ್ದರೂ ಪರವಾಗಿಲ್ಲ. ಒಂದೊಂದಕ್ಕೂ ಎರಡು ಸಾಲು ಬರೆಯಿರಿ.

ಮತ್ತೆ, ಆ ಅಕ್ಕನ ಉಪ್ಪಿನಕಾಯಿ ಎಲ್ಲಿ ಸಿಗುತ್ತದೆ ಅಂತ ಈಗ ಕೆಲವರು ಆಕಾಶವಾಣಿಗೆ ಫೋನ್ ಮಾಡುತ್ತೀರಿ ಅಂತ ಗೊತ್ತು. ಭಾಷಣದಲ್ಲಿ ಯಾರ ವ್ಯಾಪಾರದ ಹೆಸರನ್ನೂ ಹೇಳುವ ಹಾಗಿಲ್ಲ. ಹೇಳಿದರೂ ಪ್ರಯೋಜನ ಇಲ್ಲ, ಈ ವರ್ಷದ್ದು ಖಾಲಿಯಾಗಿದೆ.

ನಮಸ್ಕಾರ.