ನೋಡಿದವರು ಕರಡಿ ಎಂದರು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಿಮ್ಮಲ್ಲಿ 16 ಜನ ಹಿಮಾಲಯಕ್ಕೆ ಹೊರಟಿದ್ದೀರಿ. ಅವರಿಗಾಗಿ ಹಿಮಮಾನವನ ಬಗ್ಗೆ ಒಂದು ಗಂಟೆ ಮಾತಾಡಿ ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ನನಗೆ ಬಹಳ ಖುಷಿಯಾಯಿತು. ಈ ವಿಷಯ ನನ್ನನ್ನು ಚಿಕ್ಕಂದಿನಿಂದ ಬಿಟ್ಟಿಲ್ಲ.

ಯೇತಿ ಎಂದರೇನು ಎಂದು ಈ ಸಭೆಗೆ ಬಿಡಿಸಿ ಹೇಳಬೇಕಿಲ್ಲ. ಮೈತುಂಬ ಕೂದಲು, ಎರಡು ಕಾಲಿನ ನಡಿಗೆ, ಅರ್ಧ ವಾನರ, ಅರ್ಧ ಮನುಷ್ಯ. ಆ ಚಿತ್ರ ಎಲ್ಲರ ತಲೆಯಲ್ಲೂ ಇದೆ. ಆ ಚಿತ್ರ ನಮ್ಮ ತಲೆಗೆ ಹೇಗೆ ಬಂತು ಅನ್ನುವುದು ನನ್ನ ಇವತ್ತಿನ ಮಾತು. ಇದನ್ನು ಹುಡುಕಿದವರು ಬೆಟ್ಟ ಹತ್ತಿದರು, ಹಣ ಸುರಿದರು, ಕೂದಲು ಹೆಕ್ಕಿದರು. ಆದರೆ ಆ ಬೆಟ್ಟದಲ್ಲೇ ಹುಟ್ಟಿ ಬೆಳೆದವರ ಮಾತನ್ನು ಪೂರ್ತಿ ಕೇಳಲಿಲ್ಲ. ಅರ್ಧ ಕೇಳಿ ಎದ್ದು ಹೋದರು. ಇದನ್ನು ನಾನು ಎರಡು ಮೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

1921ಕ್ಕೆ ಹೋಗೋಣ. ಎವರೆಸ್ಟ್‌ಗೆ ದಾರಿ ಹುಡುಕಲು ಬ್ರಿಟಿಷರ ಮೊದಲ ತಂಡ ಟಿಬೆಟ್ ಕಡೆಯಿಂದ ಹೊರಟಿತ್ತು. ನಾಯಕ ಚಾರ್ಲ್ಸ್ ಹೋವರ್ಡ್-ಬರಿ. ಲಕ್ಪಾ ಲಾ ಎನ್ನುವ ಕಣಿವೆದಾರಿಯ ಹತ್ತಿರ, 20 ಸಾವಿರ ಅಡಿಗೂ ಮೇಲೆ, ಹಿಮದಲ್ಲಿ ದೊಡ್ಡ ಹೆಜ್ಜೆಗಳು ಕಂಡವು. ತೋಳ ಓಡಿ ಹೋಗಿರಬೇಕು ಎಂದು ಹೋವರ್ಡ್-ಬರಿಗೆ ಅನ್ನಿಸಿತು. ಜೊತೆಗಿದ್ದ ಹೊರೆಯಾಳುಗಳು ಬೇರೆ ಹೆಸರು ಹೇಳಿದರು. 'ಮೆತೋ-ಕಾಂಗ್ಮಿ.' ಆಮೇಲೆ ಕಲ್ಕತ್ತಾದ ಸ್ಟೇಟ್ಸ್‌ಮನ್ ಪತ್ರಿಕೆಗೆ ಬರೆಯುತ್ತಿದ್ದ ಹೆನ್ರಿ ನ್ಯೂಮನ್ ಡಾರ್ಜಿಲಿಂಗ್‌ನಲ್ಲಿ ಆ ಹೊರೆಯಾಳುಗಳನ್ನು ಮಾತಾಡಿಸಿದ. 'ಕಾಂಗ್ಮಿ' ಅಂದರೆ ಹಿಮದ ಮನುಷ್ಯ, ಅದು ಸರಿ. 'ಮೆತೋ' ಅಂದರೆ ಗಲೀಜು ಎಂದು ತಿಳಿದ. ಗಲೀಜು ಎನ್ನುವುದನ್ನು ಇಂಗ್ಲಿಷಿನಲ್ಲಿ ಇನ್ನಷ್ಟು ಏರಿಸಿ 'ಅಬಾಮಿನಬಲ್' ಎಂದು ಬರೆದ. ಅಸಹ್ಯ ಹುಟ್ಟಿಸುವ ಹಿಮಮಾನವ! ಲೋಕವೆಲ್ಲ ಆ ಹೆಸರನ್ನು ಹಿಡಿದುಕೊಂಡಿತು.

ಆದರೆ 'ಮೆತೋ' ಎನ್ನುವುದು 'ಮೆಹ್-ತೆಹ್' ಎನ್ನುವ ಮಾತಿನ ಇನ್ನೊಂದು ಉಚ್ಚಾರ. ಅದನ್ನು ಬಿಡಿಸಿದವರು ಹೇಳುವ ಅರ್ಥ ಏನು ಗೊತ್ತಾ? ಮನುಷ್ಯ-ಕರಡಿ. ಶೆರ್ಪಾಗಳ ಬಳಿ ಇನ್ನೂ ಒಂದು ಹೆಸರಿದೆ, 'ಜು-ತೆಹ್'. ಅಂದರೆ ದನ ಹಿಡಿಯುವ ಕರಡಿ. ನೋಡಿ, ಹೆಸರಿನಲ್ಲೇ ಕರಡಿ ಇತ್ತು. ಹೇಳಿದವರು ಹೇಳಿದ್ದರು. ಕೇಳಿದವರಿಗೆ ಗಲೀಜು ಎಂದು ಕೇಳಿಸಿತು.

ಇಲ್ಲಿ ನಮ್ಮ ಕಡೆಯದೇ ಒಂದು ಸಂಗತಿ ಹೇಳಬೇಕು. ದರೋಜಿಯ ಹತ್ತಿರ ಒಮ್ಮೆ ಬೆಳಗ್ಗೆ ಮಣ್ಣುದಾರಿಯಲ್ಲಿ ನಡೆಯುತ್ತಿದ್ದೆ. ಯಾರೋ ಬರಿಗಾಲಲ್ಲಿ ಹೋದ ಗುರುತು. ಹಿಮ್ಮಡಿ, ಅಂಗಾಲು, ಐದು ಬೆರಳು. ಮಗುವಿನ ಕಾಲು ಅಂದುಕೊಂಡೆ. ಕುರಿ ಕಾಯುವ ಹಿರಿಯರೊಬ್ಬರು ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತರು. "ಮನಷ್ಯಾರ್ದಲ್ರೀ ಸರ, ಕರಡೀದು. ಬೆರಳೆಲ್ಲಾ ಒಂದ ಸಾಲಿನ್ಯಾಗ ಅದಾವ ನೋಡ್ರಿ. ಮುಂದ ಉಗುರು ನೆಟ್ಟಾವ" ಎಂದರು. ಹೌದು, ಬೆರಳಿಗಿಂತ ಎರಡು ಇಂಚು ಮುಂದೆ ಉಗುರಿನ ಚುಕ್ಕೆಗಳಿದ್ದವು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಮಣ್ಣು ಹಿಮವಾಗಿದ್ದರೆ? ಉಗುರಿನ ಚುಕ್ಕೆ ಮಧ್ಯಾಹ್ನದ ಹೊತ್ತಿಗೆ ಕರಗಿ ಹೋಗುತ್ತಿತ್ತು. ಉಳಿಯುವುದು ಮನುಷ್ಯನ ಪಾದದಂಥ ಗುಂಡಿ ಮಾತ್ರ.

ಹಿಮದ ಈ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಿಮಾಚಲದಲ್ಲಿ ಒಮ್ಮೆ ಬೆಳಗ್ಗೆ 7 ಗಂಟೆಗೆ ನನ್ನದೇ ಬೂಟಿನ ಗುರುತನ್ನು ಅಳೆದು ಫೋಟೋ ತೆಗೆದೆ, 12 ಇಂಚು. ಮಾರನೇ ದಿನ ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸ್ ಬಂದಾಗ 16 ಇಂಚು. ಬಿಸಿಲು ಬಿದ್ದ ಕಡೆ ಅಂಚು ಕರಗಿ ಅಗಲವಾಗಿತ್ತು. ಇದರ ಜೊತೆಗೆ ಇನ್ನೊಂದಿದೆ. ಕರಡಿ ನಡೆಯುವಾಗ ಎಷ್ಟೋ ಸಲ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬೀಳುತ್ತದೆ. ಎರಡು ಗುರುತು ಸೇರಿ ಒಂದು ಉದ್ದದ ಹೆಜ್ಜೆ. ನಾಲ್ಕು ಕಾಲಿನ ಪ್ರಾಣಿ ಎರಡು ಕಾಲಿನದಾಗಿ ಕಾಣುತ್ತದೆ. 1951ರಲ್ಲಿ ಮೆನ್ಲುಂಗ್ ಹಿಮನದಿಯ ಮೇಲೆ ಎರಿಕ್ ಶಿಪ್ಟನ್ ತೆಗೆದ ಫೋಟೋ ನೆನಪಿದೆ ಅಲ್ವಾ? ಅಳತೆಗೆ ಪಕ್ಕದಲ್ಲಿ ಐಸ್ ಆ್ಯಕ್ಸ್ ಇಟ್ಟಿದ್ದಾರೆ. ಸುಮಾರು 13 ಇಂಚಿನ ಹೆಜ್ಜೆ. ಆಮೇಲಿನ ಹತ್ತು ವರ್ಷದ ಓಟಕ್ಕೆಲ್ಲ ಅದೇ ಫೋಟೋ ಕಾರಣ.

ಆ ಓಟದಲ್ಲಿ ನನಗೆ ತುಂಬ ಇಷ್ಟವಾದ ಕಥೆ ಖುಮ್‌ಜುಂಗ್ ಊರಿನದು. ಇದನ್ನು ನಿಧಾನವಾಗಿಯೇ ಹೇಳುತ್ತೇನೆ.

1960. ಎವರೆಸ್ಟ್ ಹತ್ತಿ ಏಳು ವರ್ಷವಾಗಿತ್ತು. ಎಡ್ಮಂಡ್ ಹಿಲರಿ ದೊಡ್ಡ ತಂಡ ಕಟ್ಟಿಕೊಂಡು ನೇಪಾಳದಲ್ಲಿ ಎವರೆಸ್ಟ್ ಬುಡದ ಖುಂಬು ಕಡೆ ಬಂದರು. ಚಿಕಾಗೋದ ಒಂದು ವಿಶ್ವಕೋಶದ ಕಂಪನಿ ಹಣ ಕೊಟ್ಟಿತ್ತು. ಕೆಲಸ ಎರಡು. ಎತ್ತರದಲ್ಲಿ ಮನುಷ್ಯನ ಮೈ ಹೇಗೆ ಒಗ್ಗಿಕೊಳ್ಳುತ್ತದೆ ಎಂದು ಪರೀಕ್ಷಿಸುವುದು. ಯೇತಿ ಇದೆಯೋ ಇಲ್ಲವೋ ತೀರ್ಮಾನ ಮಾಡುವುದು. ತಂಡದಲ್ಲಿ ಚಿಕಾಗೋ ಮೃಗಾಲಯದ ಮಾರ್ಲಿನ್ ಪರ್ಕಿನ್ಸ್ ಇದ್ದರು. ಶೆರ್ಪಾಗಳ ಜೊತೆ ನೇಪಾಳಿಯಲ್ಲಿ ಮಾತಾಡಬಲ್ಲ ಡೆಸ್ಮಂಡ್ ಡಾಯ್ಗ್ ಇದ್ದರು. ಯೇತಿಯ ಚರ್ಮ ಎಂದು ಕೊಂಡದ್ದು ಕೊನೆಗೆ ಟಿಬೆಟಿನ ಕರಡಿಯ ಚರ್ಮ ಎಂದು ಗೊತ್ತಾಯಿತು.

ಉಳಿದದ್ದು ಒಂದೇ. ಖುಮ್‌ಜುಂಗ್ ಗೊಂಪಾದಲ್ಲಿ, ಅಂದರೆ ಬೌದ್ಧ ಮಠದಲ್ಲಿ, ಇಟ್ಟಿದ್ದ ಯೇತಿಯ ನೆತ್ತಿಯ ಚರ್ಮ. ಮೊನಚು ಟೋಪಿಯ ಹಾಗೆ ಎತ್ತರ, ಕೆಂಚು ಕಂದು ಬಣ್ಣದ ಬಿರುಸು ಕೂದಲು. ಊರಿನವರಿಗೆ ಅದು ಪವಿತ್ರ ವಸ್ತು. ಹೊರದೇಶಕ್ಕೆ ಒಯ್ದು ಪರೀಕ್ಷೆ ಮಾಡಿಸುತ್ತೇವೆ ಎಂದರೆ ಸುಮ್ನೆ ಎತ್ತಿ ಕೊಡುತ್ತಾರಾ? ಊರು ಕೂತು ಮಾತಾಡಿತು. ಆರು ವಾರದೊಳಗೆ ವಾಪಸ್ ಬರಬೇಕು, ನಮ್ಮ ಊರಿನ ಹಿರಿಯ ಜೊತೆಗೇ ಬರಬೇಕು ಎಂದಾಯಿತು. ಹಾಗೆ ಹೊರಟವರು ಖುಂಜೋ ಚುಂಬಿ. ನೇಪಾಳದ ಬೆಟ್ಟದ ಊರಿನ ಹಿರಿಯ ವಿಮಾನ ಹತ್ತಿ ಚಿಕಾಗೋಗೆ ಹೋದರು, ಪ್ಯಾರಿಸ್‌ಗೆ ಹೋದರು, ಲಂಡನ್ನಿಗೆ ಹೋದರು. ನೆತ್ತಿಯನ್ನು ತಾವೇ ಕಾಯುತ್ತ. ಹೋದಲ್ಲೆಲ್ಲ ಪತ್ರಕರ್ತರು ಮುತ್ತಿಕೊಂಡು ಅದೇ ಪ್ರಶ್ನೆ ಕೇಳಿದರು. ಯೇತಿ ನಿಜವಾಗಿ ಇದೆಯಾ? ಅದಕ್ಕೆ ಅವರು ಕೊಟ್ಟ ಉತ್ತರ ಇವತ್ತಿಗೂ ಓಡಾಡುತ್ತಿದೆ. ನಮ್ಮ ನೇಪಾಳದಲ್ಲಿ ಜಿರಾಫೆ ಇಲ್ಲ, ಕಾಂಗರೂ ಇಲ್ಲ, ಹಾಗಾಗಿ ಅವುಗಳ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ಫ್ರಾನ್ಸ್‌ನಲ್ಲಿ ಯೇತಿ ಇಲ್ಲ, ನಿಮಗೆ ಗೊತ್ತಿಲ್ಲದಿರುವುದು ನನಗೆ ಅರ್ಥವಾಗುತ್ತದೆ ಎಂದರಂತೆ.

(ಚಪ್ಪಾಳೆ)

ನೀವು ನಗುತ್ತೀರಿ ಎಂದು ಗೊತ್ತಿತ್ತು. ನಾನೂ ಪ್ರತಿ ಸಲ ನಗುತ್ತೇನೆ. ಆದರೆ ಆ ಮಾತಿನಲ್ಲಿರುವ ಘನತೆ ನೋಡಿ. ನಿಮ್ಮ ಲೋಕ ನಿಮಗೆ ಗೊತ್ತು, ನಮ್ಮ ಲೋಕ ನಮಗೆ ಗೊತ್ತು ಎನ್ನುವ ಮಾತು ಅದು.

ಪರೀಕ್ಷೆಯ ಫಲ ಏನಾಯಿತು? ಅದು ಸೀರೋ ಎನ್ನುವ ಕಾಡುಮೇಕೆ ಜಾತಿಯ ಪ್ರಾಣಿಯ ಚರ್ಮ. ಅಚ್ಚಿನ ಮೇಲೆ ಎಳೆದು ಒಣಗಿಸಿ ಆ ಆಕಾರಕ್ಕೆ ತಂದದ್ದು. ಹಿಲರಿಯ ತಂಡದವರು ಸೀರೋ ಚರ್ಮದಿಂದ ಅಂಥದ್ದೇ ನೆತ್ತಿ ಮಾಡಿಸಿ ಹೋಲಿಸಿ ನೋಡಿದರು. ಹಾಗಾದರೆ ಖುಮ್‌ಜುಂಗ್ ಜನ ಮೋಸಗಾರರಾ? ಖಂಡಿತ ಅಲ್ಲ. ನಮ್ಮ ಊರುಗಳಲ್ಲಿ ದೈವದ ಮುಖವಾಡ ಮರದಲ್ಲಿ ಕೆತ್ತಿದ್ದು ಎಂದು ಎಲ್ಲರಿಗೂ ಗೊತ್ತು. ಹಾಗೆಂದು ಅದು ಸುಳ್ಳು ಎಂದು ಯಾರೂ ಹೇಳುವುದಿಲ್ಲ. ನೆತ್ತಿಯನ್ನು ಪ್ರಯೋಗಾಲಯದ ಸಾಕ್ಷಿ ಎಂದುಕೊಂಡವರು ಹೊರಗಿನವರು. ನೆತ್ತಿ ಮರಳಿ ತನ್ನ ಗೊಂಪಾ ಸೇರಿತು. 1961ರಲ್ಲಿ ಹಿಲರಿ ಅದೇ ಖುಮ್‌ಜುಂಗ್‌ನಲ್ಲಿ ಶಾಲೆ ಕಟ್ಟಿಸಿದರು. ಯೇತಿ ಹುಡುಕಲು ಬಂದ ಆ ಯಾತ್ರೆಯಿಂದ ಊರಿಗೆ ನಿಜವಾಗಿ ದಕ್ಕಿದ್ದು ಆ ಶಾಲೆ.

ಪಕ್ಕದ ಪಾಂಗ್‌ಬೋಚೆಗೆ ಆ ಭಾಗ್ಯ ಇರಲಿಲ್ಲ. ಅಲ್ಲಿನ ಗೊಂಪಾದಲ್ಲಿ ಯೇತಿಯ ಕೈ ಎಂದು ಪೂಜಿಸುತ್ತಿದ್ದ ಒಂದು ಒಣಗಿದ ಕೈ ಇತ್ತು. 1950ರ ದಶಕದ ಕೊನೆಯಲ್ಲಿ ಟೆಕ್ಸಾಸ್‌ನ ಎಣ್ಣೆ ವ್ಯಾಪಾರಿ ಟಾಮ್ ಸ್ಲಿಕ್ ಕಳಿಸಿದ ಪೀಟರ್ ಬರ್ನ್ ಅದರ ಒಂದು ಬೆರಳನ್ನು ತಂದರು. ಅದು ಲಂಡನ್ ಸೇರಿತು. 2011ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಮನುಷ್ಯನ ಬೆರಳು ಎಂದು ಗೊತ್ತಾಯಿತು. ಆ ಕೈಯ ಉಳಿದ ಭಾಗವೂ ಆಮೇಲೆ ಗೊಂಪಾದಿಂದ ಕಳವಾಯಿತು. ಇದನ್ನು ನೆನೆದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಇಲ್ಲಿ ಮುಂದಿನ ಸಾಲಿನ ಹುಡುಗಿ ಬಹಳ ಹೊತ್ತಿನಿಂದ ಕೈ ಎತ್ತಿದ್ದಾಳೆ. ಹೇಳಮ್ಮ. ಹಾಂ, ಗೊರಿಲ್ಲಾನೂ ಮೊದಲು ಕಥೆ ಅಂತಲೇ ಇತ್ತಲ್ವಾ ಸರ್ ಎನ್ನುತ್ತಿದ್ದಾಳೆ. ಒಳ್ಳೆಯ ಪ್ರಶ್ನೆ. ಮೈಸೂರಿನ ಮೃಗಾಲಯದಲ್ಲಿ ಪೋಲೋ ಗೊರಿಲ್ಲಾನ ನೋಡಿ ಬೆಳೆದವರಿಗೆ ಈ ಪ್ರಶ್ನೆ ಬರಲೇಬೇಕು. ಆದರೆ ಗೊರಿಲ್ಲಾ ವಿಜ್ಞಾನಕ್ಕೆ ಪರಿಚಯವಾದದ್ದು 1847ರಲ್ಲಿ, ಮಧ್ಯ ಆಫ್ರಿಕಾದ ಗಬಾನ್‌ನಿಂದ ಸಿಕ್ಕ ತಲೆಬುರುಡೆ, ಮೂಳೆಗಳಿಂದ. ಅಲ್ಲಿನ ಜನ ಆ ಪ್ರಾಣಿಯನ್ನು ಬೇಟೆಯಾಡುತ್ತಿದ್ದರು. ಕೇಳಿದಾಗ ಮೂಳೆ ಸಿಕ್ಕಿತು. ಯೇತಿ ವಿಷಯದಲ್ಲಿ ಕೇಳಿದಾಗಲೆಲ್ಲ ಸಿಕ್ಕಿದ್ದು ಕರಡಿ.

2017ರ ಅಧ್ಯಯನ ನೋಡಿ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಶಾರ್ಲಟ್ ಲಿಂಡ್‌ಕ್ವಿಸ್ಟ್ ಮತ್ತು ಜೊತೆಗಾರರು ಯೇತಿಯದು ಎಂದು ಹೇಳುತ್ತಿದ್ದ 9 ಮಾದರಿಗಳನ್ನು ಪರೀಕ್ಷಿಸಿದರು. ಮೂಳೆ, ಹಲ್ಲು, ಚರ್ಮ, ಕೂದಲು, ಲದ್ದಿ. 8 ಕರಡಿಯವು, ಒಂದು ನಾಯಿಯದು. ಇದರ ಜೊತೆ ಇನ್ನೊಂದು ದೊಡ್ಡ ವಿಷಯವೂ ತಿಳಿಯಿತು. ಹಿಮಾಲಯದ ಕಂದು ಕರಡಿಯ ಕವಲು ಉಳಿದ ಕಂದು ಕರಡಿಗಳಿಂದ ಬೇರೆಯಾಗಿ ಸುಮಾರು ಆರೂವರೆ ಲಕ್ಷ ವರ್ಷವಾಗಿದೆ. ಅಷ್ಟು ಹಳೆಯ ಕುಲ. ಅದು ನಮ್ಮ ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡದಲ್ಲಿ ತೀರಾ ಕಡಿಮೆ ಉಳಿದಿದೆ. ಸೋನಾಮಾರ್ಗ್ ಕಡೆ ಅವು ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಸಮೇತ ತಿನ್ನುತ್ತಿವೆ. ಯೇತಿಗಾಗಿ ದೇಶ ದೇಶದಿಂದ ತಂಡಗಳು ಬಂದವು. ಈ ಕರಡಿಗಾಗಿ ಎಷ್ಟು ಜನ ಬಂದಿದ್ದಾರೆ ಹೇಳಿ?

2019ರ ಏಪ್ರಿಲ್‌ನಲ್ಲಿ ನಮ್ಮ ಸೇನೆಯ ಟ್ವೀಟ್ ನೀವೆಲ್ಲ ನೋಡಿದ್ದೀರಿ. ನೇಪಾಳದ ಮಕಾಲು ಬೇಸ್ ಕ್ಯಾಂಪ್ ಹತ್ತಿರ 32 ಇಂಚು ಉದ್ದ, 15 ಇಂಚು ಅಗಲದ ಹೆಜ್ಜೆಗಳು. ದೇಶವೆಲ್ಲ ಅದೇ ಮಾತು. ನೇಪಾಳ ಸೇನೆಯ ವಕ್ತಾರರು ಆಮೇಲೆ ಹೇಳಿದ್ದು ಕಡಿಮೆ ಜನರಿಗೆ ನೆನಪಿದೆ. ಅಲ್ಲಿನ ಜನ, ಪೋರ್ಟರುಗಳು, ಅದು ಆ ಕಡೆ ಆಗಾಗ ಬರುವ ಕಾಡುಕರಡಿಯ ಹೆಜ್ಜೆ ಎಂದಿದ್ದರು. 1921ರಿಂದ 2019ಕ್ಕೆ 98 ವರ್ಷ. ಅದೇ ಬೆಟ್ಟ, ಅದೇ ಹೊರೆಯಾಳುಗಳ ಮಕ್ಕಳು ಮೊಮ್ಮಕ್ಕಳು, ಅದೇ ಉತ್ತರ.

ಚೀಟಿ ಬಂತು, ಹತ್ತು ನಿಮಿಷ ಉಳಿದಿದೆಯಂತೆ. ಸುಮಾತ್ರಾದ ಓರಾಂಗ್ ಪೆಂಡೆಕ್, ಅಮೆರಿಕದ ಬಿಗ್‌ಫೂಟ್, ಮೇಘಾಲಯದ ಗಾರೋ ಬೆಟ್ಟದ ಮಾಂಡೆ ಬುರುಂಗ್, ಯೇತಿಯ ಹಾಗೇ ಜನ ಹೇಳುವ ಇಂಥ ಪ್ರಾಣಿಗಳಿಗೆಲ್ಲ ಟಿಪ್ಪಣಿ ತಂದಿದ್ದೆ. ಮಾಂಡೆ ಬುರುಂಗ್ ಬಗ್ಗೆ ಒಂದೇ ಸಾಲು ಹೇಳುತ್ತೇನೆ. 2008ರಲ್ಲಿ ಅದರ ಕೂದಲು ಎಂದು ಇಂಗ್ಲೆಂಡಿಗೆ ಹೋದದ್ದು ಗೋರಲ್ ಎನ್ನುವ ಕಾಡುಮೇಕೆಯದು. ಉಳಿದದ್ದನ್ನು ಬಿಡುತ್ತೇನೆ. ಬಿಡಲಾಗದ್ದು ಇನ್ನೊಂದಿದೆ.

ಪೂರ್ತಿ ಕೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ಇದೇ ಮೈಸೂರಿನಲ್ಲಿದೆ. ನಮ್ಮ ಊರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅರುಣಾಚಲದ ತವಾಂಗ್, ಪಶ್ಚಿಮ ಕಾಮೆಂಗ್ ಕಡೆ ಸಮೀಕ್ಷೆ ಮಾಡುತ್ತಿದ್ದಾಗ ಒಂದು ಕೋತಿಯ ಗುಂಪು ಕಂಡಿತು. ದಪ್ಪ ಮೈ, ಗಿಡ್ಡ ಬಾಲ. ಪುಸ್ತಕದ ಯಾವ ಕೋತಿಗೂ ಹೊಂದಲಿಲ್ಲ. ಅಲ್ಲಿನ ಮೊನ್ಪಾ ಜನರಿಗೆ ಮಾತ್ರ ಅದು ಹೊಸದಲ್ಲ. ಅವರ ಮಾತಿನಲ್ಲಿ ಅದು 'ಮುನ್ ಜಾಲಾ', ಆಳ ಕಾಡಿನ ಕೋತಿ. ಅನಿಂದ್ಯ ಸಿನ್ಹಾ, ಅಪರಾಜಿತಾ ದತ್ತಾ, ಎಂ.ಡಿ. ಮಧುಸೂದನ್, ಚಾರುದತ್ತ ಮಿಶ್ರಾ 2005ರಲ್ಲಿ ಅದನ್ನು ಹೊಸ ಪ್ರಭೇದ ಎಂದು ಪ್ರಕಟಿಸಿದರು. ಹೆಸರು ಮಕಾಕಾ ಮುಂಜಾಲಾ. ಮಕಾಕ್ ಎನ್ನುವ ಕೋತಿಗಳ ಗುಂಪಿನಲ್ಲಿ ಅದಕ್ಕೆ ಹಿಂದೆ ಹೊಸ ಪ್ರಭೇದ ಸೇರಿದ್ದು 1903ರಲ್ಲಿ! ಹೆಸರಿಗೆ ಲ್ಯಾಟಿನ್ ಹುಡುಕಿ ಹೋಗಲಿಲ್ಲ, ಮೊನ್ಪಾ ಜನರ ಮಾತನ್ನೇ ಇಟ್ಟರು. ಹಿಮಾಲಯದಲ್ಲಿ ದೊಡ್ಡ ವಾನರ ಸಿಗಲಿಲ್ಲ ಎಂದು ಬೇಜಾರಾಗುವವರಿಗೆ ನಾನು ಈ ಕೋತಿಯನ್ನು ತೋರಿಸುತ್ತೇನೆ.

ಇನ್ನು ಹೊರಡುವ 16 ಜನರಿಗೆ. ಈ ಎರಡು ಫೋಟೋಗಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಎರಡೂ ನನ್ನದೇ ಎಡಗಾಲಿನ ಬೂಟು. ಒಂದು 12 ಇಂಚು, ಇನ್ನೊಂದು 16. ಹೆಜ್ಜೆ ಕಂಡರೆ ಒಂದನ್ನೇ ತೆಗೆಯಬೇಡಿ, ಸಾಲನ್ನೂ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇಡಿ, ಗಂಟೆ ಎಷ್ಟು ಎಂದು ಬರೆದುಕೊಳ್ಳಿ. ದಾರಿಯಲ್ಲಿ ಕುರಿ ಮೇಯಿಸುವವರು ಸಿಗುತ್ತಾರೆ. ಚಹಾ ಕೊಡುತ್ತಾರೆ. ಆಗ ಫೋಟೋ ತೋರಿಸಿ, ಇದು ಯಾವುದು ಎಂದು ಕೇಳಿ. ಅವರು ಹೇಳುವ ಹೆಸರನ್ನು ಎರಡು ಸಲ ಹೇಳಿಸಿಕೊಳ್ಳಿ. ಅರ್ಥ ಕೇಳಿ. ಇಂಗ್ಲಿಷ್ ಅಕ್ಷರ ಬೇಡ, ಕನ್ನಡದಲ್ಲೇ ಬರೆದುಕೊಳ್ಳಿ, ಅಲ್ಪಪ್ರಾಣ ಮಹಾಪ್ರಾಣ ಎರಡೂ ಕೂಡುತ್ತವೆ. 16 ನೋಟ್‌ಬುಕ್ ಬಾಗಿಲ ಬಳಿಯ ಮೇಜಿನ ಮೇಲಿಟ್ಟಿದ್ದೇನೆ. ಹೋಗುವಾಗ ಒಂದೊಂದು ತೆಗೆದುಕೊಳ್ಳಿ, ವಾಪಸ್ ಬಂದಾಗ ನನಗೆ ತೋರಿಸಬೇಕು.