ರಬ್ಬರ್ ಬೆಲ್ಟಿಗೆ ಬ್ಲೇಡು ಹಿಡಿಯುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಸಣ್ಣ ವಿಷಯ ಹೇಳುತ್ತೇನೆ. ಕೈಗಡಿಯಾರದ ರಬ್ಬರ್ ಬೆಲ್ಟು ದೊಡ್ಡದಾದರೆ ಮನೆಯಲ್ಲೇ ಅದನ್ನು ಕೈಗೆ ಸರಿಮಾಡಿಕೊಳ್ಳುವುದು ಹೇಗೆ ಅಂತ. ಅಂಗಡಿಯವರು ಸ್ಟ್ರಾಪ್ ಅನ್ನುತ್ತಾರೆ. ನಮ್ಮ ಬಾಯಲ್ಲಿ ಅದು ಯಾವತ್ತೂ ಬೆಲ್ಟೇ.

ನಮ್ಮಪ್ಪನಿಗೆ ಈ ತಾಪತ್ರಯ ಇರಲಿಲ್ಲ. ಅವರದು ಎಚ್‌ಎಂಟಿ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತಲ್ಲ, ಆ ಕಾರ್ಖಾನೆಯದು. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಪೀಪ್ ಪೀಪ್ ಅಂತ ಬರುವುದಕ್ಕೆ ಸರಿಯಾಗಿ ಮುಳ್ಳು ತಿರುಗಿಸಿ, ಕೀ ಕೊಟ್ಟು, ಕೈಗೆ ಕಟ್ಟಿಕೊಳ್ಳುತ್ತಿದ್ದರು. ಚರ್ಮದ ಬೆಲ್ಟು. ಸಡಿಲವಾದರೆ ಬೀದಿ ಕೊನೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಇನ್ನೊಂದು ತೂತು ಹೊಡೆಸಿಕೊಂಡು ಬರುತ್ತಿದ್ದರು. ಅಲ್ಲಿಗೆ ಮುಗಿಯಿತು.

ನನಗೆ ಬಂದದ್ದು ಬೇರೆ ಥರದ್ದು. ಹೋದ ವರ್ಷ ನನ್ನ ಹುಟ್ಟಿದ ಹಬ್ಬಕ್ಕೆ ಅಳಿಯಂದಿರು ಒಂದು ವಾಚು ತಂದುಕೊಟ್ಟರು. ದಪ್ಪ ಕಪ್ಪು ರಬ್ಬರ್ ಬೆಲ್ಟು, ಮಡಚಿಕೊಳ್ಳುವ ಸ್ಟೀಲ್ ಲಾಕು. ಬಕಲ್ ಇಲ್ಲ, ಹೊರಗೆ ಒಂದು ತೂತೂ ಇಲ್ಲ. ನನ್ನದು ಕಡ್ಡಿ ಕೈ. ಲಾಕ್ ಹಾಕಿ ಕೈ ಎತ್ತಿದರೆ ವಾಚು ಮೊಣಕೈ ಕಡೆಗೆ ಜಾರುತ್ತಿತ್ತು.

"ಏನ್ರೀ ಇದು, ವಾಚಾ, ಕಡಗಾನಾ?" ಅಂದಳು ನನ್ನ ಹೆಂಡತಿ.

ಮೈಸೂರಿನ ಚಿಕ್ಕಗಡಿಯಾರದ ಹತ್ತಿರ ಗಾಜಿನ ಪೆಟ್ಟಿಗೆ ಮುಂದಿಟ್ಟುಕೊಂಡು ಕೂರುವ ರಿಪೇರಿಯವರೊಬ್ಬರಿಗೆ ತೋರಿಸಿದೆ. ಅವರು ಬೆಲ್ಟನ್ನು ಮಗುಚಿ ನೋಡಿ, "ಸಾರ್, ಇದು ತೂತು ಹೊಡೆಯೋ ಬೆಲ್ಟಲ್ಲ, ಕುಯ್ಯೋ ಬೆಲ್ಟು. ಇವತ್ತು ಕೆಲಸ ಜಾಸ್ತಿ, ನಾಳೆ ಬನ್ನಿ" ಅಂದರು. ನಾಳೆವರೆಗೆ ಕಾಯುವ ತಾಳ್ಮೆ ನನಗಿದ್ದಿದ್ದರೆ ಇವತ್ತು ಈ ಮಾತುಗಳೇ ಇರುತ್ತಿರಲಿಲ್ಲ.

ಈ ಕುಯ್ಯುವ ಬೆಲ್ಟನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೈಗೆ ತಾಗುವ ಒಳಮೈಯಲ್ಲಿ ಅಡ್ಡಡ್ಡ ಗೆರೆಗಳಿರುತ್ತವೆ, ಸ್ಕೇಲಿನ ಹಾಗೆ. ನನ್ನದರಲ್ಲಿ ಗೆರೆಯಿಂದ ಗೆರೆಗೆ 5 ಮಿಲಿಮೀಟರ್. ಬೆಲ್ಟಿನ ಪಕ್ಕದ ಅಂಚನ್ನು ಬೆಳಕಿಗೆ ಹಿಡಿದರೆ, ಎರಡು ಗೆರೆಗಳ ನಡುವೆ ಒಂದೊಂದು ಸೂಜಿಗಣ್ಣಿನಂಥ ಕಿಂಡಿ ಕಾಣುತ್ತದೆ. ಈ ಅಂಚಿನಿಂದ ಆ ಅಂಚಿಗೆ ಸುರಂಗದ ಹಾಗೆ ತೂರಿಹೋಗಿರುತ್ತದೆ. ಲಾಕನ್ನು ಹಿಡಿದಿಡುವ ಸ್ಪ್ರಿಂಗ್ ಪಿನ್ನು ಕೂರುವುದು ಇದರೊಳಗೆ. ಗೆರೆಯ ಮೇಲೇ ಕುಯ್ದರೆ ಮುಂದಿನ ಕಿಂಡಿ ಇಡಿಯಾಗಿ ಉಳಿಯುತ್ತದೆ. ಗೆರೆ ತಪ್ಪಿ ಒಂದೆರಡು ಮಿಲಿಮೀಟರ್ ಆಚೆ ಹೋದರೆ ಕಿಂಡಿಯೇ ಸೀಳಿಹೋಗುತ್ತದೆ. ಆಮೇಲೆ ಪಿನ್ನಿಗೆ ಮನೆಯೇ ಇಲ್ಲ.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆವತ್ತು ಹಾಲಿನ ಪ್ಯಾಕೆಟ್ಟು ಕತ್ತರಿಸುವ ಕತ್ತರಿ ತಗೊಂಡು ಒಂದೇ ಕಡೆಯಿಂದ ನಾಲ್ಕು ಗೆರೆ ಒಟ್ಟಿಗೇ ಕಚಕ್ ಅನ್ನಿಸಿದೆ. ಕಟ್ಟಿಕೊಂಡು ನೋಡಿದರೆ ಲಾಕು ಮಣಿಕಟ್ಟಿನ ನಡುವೆ ಕೂರದೆ ಪಕ್ಕದ ಮೂಳೆಯ ಮೇಲೆ ಬಂದು ಕೂತಿತ್ತು. ಡಯಲ್ಲು ಇನ್ನೊಂದು ಕಡೆಗೆ ವಾಲಿತ್ತು. ಸಮ ಮಾಡೋಣ ಅಂತ ಆ ಕಡೆಯನ್ನೂ ಕುಯ್ಯಲು ಹೋದೆ. ಕತ್ತರಿ ರಬ್ಬರಿನ ಮೇಲೆ ಜಾರಿತು, ಕಿಂಡಿ ಸೀಳಿತು, ಬೆಲ್ಟು ಕಸದ ಬುಟ್ಟಿ ಸೇರಿತು. ಅಳಿಯಂದಿರು ಬೆಂಗಳೂರಿನಲ್ಲಿದ್ದಾರೆ, ಈ ಹೊತ್ತಿಗೆ ಆಫೀಸಿನಲ್ಲಿರುತ್ತಾರೆ. ಆ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ಹೊಸ ಬೆಲ್ಟು ತರುವಾಗ ಎರಡು ಅಳತೆ ಬೇಕು. ಬೆಲ್ಟು ಸಿಕ್ಕಿಸಲು ವಾಚಿನಿಂದ ಚಾಚಿಕೊಂಡಿರುವ ಎರಡು ಕಿವಿಗಳ ನಡುವಿನ ಅಗಲ ಒಂದು. ಸಾಮಾನ್ಯವಾಗಿ 18, 20 ಇಲ್ಲವೇ 22 ಮಿಲಿಮೀಟರ್ ಇರುತ್ತದೆ. ಮೊಮ್ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲು ಸಾಕು. ಎರಡನೆಯದು ಲಾಕಿನ ಕಡೆಯ ಅಗಲ. ಇದನ್ನು ತುಂಬ ಜನ ಮರೆಯುತ್ತಾರೆ. ವಾಚಿನ ಹತ್ತಿರ 20 ಇದ್ದ ಬೆಲ್ಟು ಲಾಕಿನ ಹತ್ತಿರ 18ಕ್ಕೆ ಇಳಿದಿರಬಹುದು. ಹಳೇ ಲಾಕನ್ನೇ ಹಾಕುವುದಾದರೆ ಅದೂ ಹೊಂದಬೇಕಲ್ವಾ?

ಎರಡನೇ ಸಲ ಆತುರ ಪಡಲಿಲ್ಲ. ಸಂಜೆ ಹೊತ್ತು ಕೂತೆ. ಬೆಳಿಗ್ಗೆಯ ಕೈಗೂ ಸಂಜೆಯ ಕೈಗೂ ವ್ಯತ್ಯಾಸವಿದೆ. ಸೆಕೆಗೆ, ಓಡಾಟಕ್ಕೆ ಮಣಿಕಟ್ಟು ಸ್ವಲ್ಪ ಊದಿಕೊಳ್ಳುತ್ತದೆ. ಚಳಿಯ ಬೆಳಿಗ್ಗೆ ಅಳೆದು ಕುಯ್ದರೆ ಏಪ್ರಿಲ್ ಮಧ್ಯಾಹ್ನ ಬೆಲ್ಟು ಕೈ ಕಚ್ಚುತ್ತದೆ. ನನ್ನ ಲಾಕಿನ ಪಕ್ಕದಲ್ಲಿ ಮೂರು ಸಣ್ಣ ತೂತುಗಳಿವೆ. ಪಿನ್ನನ್ನು ಮೊದಲು ನಡುವಿನದಕ್ಕೆ ಹಾಕಿಕೊಂಡೆ. ಆಗ ಮುಂದೆ ಬಿಗಿ ಮಾಡುವುದಕ್ಕೂ ಸಡಿಲ ಮಾಡುವುದಕ್ಕೂ ಜಾಗ ಇರುತ್ತದೆ.

ಲೆಕ್ಕ ಹಾಕಿದರೆ ಏಳು ಗೆರೆಯಷ್ಟು ಜಾಸ್ತಿ ಇತ್ತು. ಆದರೂ ಮೊದಲ ದಿನ ಆ ಕಡೆ ಎರಡು, ಈ ಕಡೆ ಎರಡು, ಅಷ್ಟೇ ಕುಯ್ದೆ. ಎರಡು ದಿನ ಕಟ್ಟಿಕೊಂಡು ಓಡಾಡಿದೆ. ಆಮೇಲೆ ಎರಡೂ ಕಡೆ ಇನ್ನೊಂದೊಂದು. ಏಳನೆಯದಕ್ಕೆ ಬ್ಲೇಡೇ ಬೇಕಾಗಲಿಲ್ಲ. ಲಾಕಿನ ಪಿನ್ನನ್ನು ಒಂದು ತೂತು ಒಳಕ್ಕೆ ಸರಿಸಿದೆ, ಸರಿಹೋಯಿತು. ಬೆಲ್ಟಿನ ಕೆಳಗೆ ಕಿರುಬೆರಳು ತೂರುವಷ್ಟು ಸಡಿಲ.

ಕುಯ್ಯಲು ಹೊಸ ಬ್ಲೇಡೇ ಬೇಕು. ಮೊಂಡಾದದ್ದು ರಬ್ಬರನ್ನು ಎಳೆದಾಡುತ್ತದೆ. ಬ್ಲೇಡಿಗೆ ಸೋಪಿನ ನೀರು ಸವರಿಕೊಂಡರೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಬೆಲ್ಟನ್ನು ಹಿಂದಕ್ಕೆ ಬಗ್ಗಿಸಿದರೆ ಗೆರೆ ಬಾಯಿ ಬಿಡುತ್ತದೆ, ಮೊದಲ ಗೀರನ್ನು ಅಲ್ಲಿ ಹಗುರವಾಗಿ ಎಳೆಯಿರಿ. ಆಮೇಲೆ ಹಲಗೆಯ ಮೇಲೆ ಚಪ್ಪಟೆಯಾಗಿಟ್ಟು, ಬೆರಳು ದೂರವಿಟ್ಟು, ನೇರ ಕೆಳಕ್ಕೆ ಒತ್ತಿ. ಚಪಾತಿ ಮಣೆ ಬೇಡ. ನಮ್ಮ ಮನೆಯಲ್ಲಿ ಅದರ ಮೇಲೆ ಇನ್ನೂ ಒಂದು ಗೀರಿದೆ, ಅದರ ಮಾತು ಇನ್ನೂ ಮುಗಿದಿಲ್ಲ.

ಸ್ಪ್ರಿಂಗ್ ಪಿನ್ನು ಬಿಚ್ಚುವಾಗ ಮಾತ್ರ ಹುಷಾರು. ಒಳಗೆ ಸ್ಪ್ರಿಂಗ್ ಇರುವುದರಿಂದ ಕೈ ತಪ್ಪಿದರೆ ಚಿಮ್ಮಿ ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು. ವಾಚನ್ನೂ ಎರಡೂ ಕೈಯನ್ನೂ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಹಾಕಿಕೊಂಡು ಬಿಚ್ಚಿ. ನೋಡುವವರು ನಗಲಿ. ಪಿನ್ನು ಹಾರಿದರೂ ಕವರಿನೊಳಗೇ ಇರುತ್ತದೆ.

ಬಕಲ್ ಇರುವ ರಬ್ಬರ್ ಬೆಲ್ಟಾದರೆ ಒಂದು ತೂತು ಸಾಕು. ಆದರೆ ಒಲೆಯಲ್ಲಿ ಮೊಳೆ ಕಾಸಿ ಚುಚ್ಚಲು ಹೋಗಬೇಡಿ. ನಮ್ಮ ಸುಳ್ಯ, ಪುತ್ತೂರಿನ ಕಡೆ ಮರದಿಂದ ಇಳಿಸುತ್ತಾರಲ್ಲ, ಆ ರಬ್ಬರ್ ಹಾಲನ್ನು ಗಟ್ಟಿ ಮಾಡಿ ಗಂಧಕ ಸೇರಿಸಿ ಬೇಯಿಸುತ್ತಾರೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಉಪಾಯ. ಹಾಗೆ ಒಮ್ಮೆ ಬೆಂದ ರಬ್ಬರು ಮತ್ತೆ ಕರಗುವುದಿಲ್ಲ, ಸುಟ್ಟು ನಾರುತ್ತದೆ ಅಷ್ಟೇ. ಸಿಲಿಕೋನ್ ಕೂಡ ಕರಗುವ ಜಾತಿಯದಲ್ಲ. ಚಾಕುವಿನ ತುದಿಯಿಂದ ಸೀಳಿದರೂ ಕಷ್ಟ. ಸೀಳಿನ ಮೂಲೆಯಿಂದಲೇ ಹರಿಯಲು ಶುರುವಾಗುತ್ತದೆ. ದುಂಡು ತೂತಿಗೆ ಮೂಲೆಯಿಲ್ಲ, ಎಳೆತ ಸುತ್ತಲೂ ಹಂಚಿಹೋಗುತ್ತದೆ. ಅದಕ್ಕೇ ಚರ್ಮಕ್ಕೆ ತೂತು ಹೊಡೆಯುವ ಪಂಚ್ ಬೇಕು. ಅಪ್ಪ ಹೋಗುತ್ತಿದ್ದ ಕಡೆಗೇ ಹೋದರಾಯಿತು.

ಇನ್ನೊಂದು, ಎಣ್ಣೆ. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ವಾಚು ಕಟ್ಟಬೇಡಿ. ಮರದ ರಬ್ಬರು ಎಣ್ಣೆ ಕುಡಿದು ಊದಿ ಮೆತ್ತಗಾಗುತ್ತದೆ. ಬೆವರು, ಕೊಳೆಗೆ ಸೋಪು ನೀರು ಸಾಕು.

ಎಲ್ಲ ಸೇರಿಸಿದ ಮೇಲೆ ಹಾಸಿಗೆಯ ಮೇಲೆ ಹಿಡಿದು ಬೆಲ್ಟನ್ನು ಎರಡೂ ಕಡೆ ಜೋರಾಗಿ ಎಳೆದು ನೋಡಿ. ಪಿನ್ನಿನ ಒಂದು ತುದಿ ತೂತಿಗೆ ಸರಿಯಾಗಿ ಕೂರದಿದ್ದರೆ ಅಲ್ಲೇ ಕಳಚಿಕೊಳ್ಳುತ್ತದೆ. ಸ್ಕೂಟರಿನ ಮೇಲೆ ಕಳಚುವುದಕ್ಕಿಂತ ಅದು ವಾಸಿ.

ದಸರಾಕ್ಕೆ ಮಗಳು, ಅಳಿಯಂದಿರು ಬಂದಿದ್ದರು. ಅವರು ನನ್ನ ಕೈ ನೋಡಿ, "ಮಾವ, ಬೆಲ್ಟು ಎಷ್ಟು ಚೆನ್ನಾಗಿ ಕೂತಿದೆ! ಅಂಗಡಿಯಲ್ಲಿ ಮಾಡಿಸಿದ್ರಾ?" ಅಂದರು. "ಇಲ್ಲಪ್ಪ, ನಾನೇ" ಅಂದೆ. ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸಿತು.

ನಮಸ್ಕಾರ.