ಹಿತ್ತಲ ಕಲ್ಲು, ಕೊಟ್ಟಿಗೆಯ ಅಗಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ನವಲಗುಂದ ತಾಲೂಕಿನ ನಮ್ಮ ಹಳ್ಳಿಮನೆಯ ಹಿತ್ತಲಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಮೊಳ ಉದ್ದ, ಗೇಣು ಅಗಲ. ನಡುವೆ ತುಸು ತಗ್ಗು. ಆ ತಗ್ಗಿನಲ್ಲಿ ಬೆರಳಾಡಿಸಿದರೆ ಗಾಜು ಮುಟ್ಟಿದಷ್ಟು ನುಣುಪು. ಹುಡುಗರಾಗಿದ್ದ ನಾವು ಚೌಕಾಬಾರ ಆಡಲು ಹುಣಸೆಬೀಜವನ್ನು ಅದರ ಮೇಲೆಯೇ ಉಜ್ಜುತ್ತಿದ್ದೆವು. ಅವ್ವ ಹಾಲಿನ ಗಡಿಗೆ ತೊಳೆದು ಅಲ್ಲೇ ಬೋರಲು ಹಾಕುತ್ತಿದ್ದಳು. ಆ ಕಲ್ಲು ಏನು, ಯಾಕೆ ಅಲ್ಲಿದೆ ಅಂತ ನಾವ್ಯಾರೂ ಕೇಳಿದವರಲ್ಲ.

ದನದ ಕೊಟ್ಟಿಗೆಗೆ ಕಬ್ಬಿಣದ ಅಗಳಿಯೊಂದಿತ್ತು. ವಿಚಿತ್ರ ಅಗಳಿ. ನಡುವೆ ದಪ್ಪ, ಎರಡೂ ತುದಿ ಸಣ್ಣ. ಹೀಗಾಗಿ ಅದು ಎಂದೂ ಸರಿಯಾಗಿ ಕೂರುತ್ತಿರಲಿಲ್ಲ. ಎಮ್ಮೆ ಒಮ್ಮೆ ಮೈ ಉಜ್ಜಿದರೆ ಸಾಕು, ಜಾರಿ ಬೀಳುತ್ತಿತ್ತು. ಒಂದು ಮುಂಜಾನೆ ಹಾಗೇ ಬಿದ್ದು, ಕರು ಹಾಲೆಲ್ಲ ಕುಡಿದುಬಿಟ್ಟಿತು. ಬೈಸಿಕೊಂಡವನು ನಾನು. ಇಂಥ ಅಗಳಿ ಯಾರು ಮಾಡಿದರು ಅಂತ ಸಿಟ್ಟಿನಿಂದ ಕೇಳಿದೆ. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ನಕ್ಕಳು.

"ಅದು ಅಗಳಿ ಅಲ್ಲೋ ತಮ್ಮಾ. ಅರಳಿ ತಗಿಯೂ ಸಳಿ. ಹಿತ್ತಲದಾಗಿನ ಕಲ್ಲು ಅದರ ಜೋಡಿ."

ಕಾಳು ಬಿಡಿಸಿದ ಹತ್ತಿಯೇ ಅರಳೆ, ಅದನ್ನು ಬಿಡಿಸುವ ಸಲಾಕೆ ಅದು. ಅಂದು ಆಯಿ ಆ ಕೆಲಸ ಮಾಡಿಯೇ ತೋರಿಸಿದಳು. ಪಡಸಾಲೆಯ ಅಂಡಗಿಯಿಂದ ಒಂದು ಮುಷ್ಟಿ ಹತ್ತಿ ತರಿಸಿದಳು. ಮಣೆಯ ಮೇಲೆ ಕೂತಳು. ಕಲ್ಲನ್ನು ಮುಂದಿಟ್ಟು, ಸಲಾಕೆಯನ್ನು ಅದರ ಮೇಲೆ ಅಡ್ಡ ಮಲಗಿಸಿ, ಎರಡೂ ಪಾದ ಅದರ ಮೇಲಿಟ್ಟಳು. ಹಿಂದೆ ಮರದ ಅಟ್ಟೆ ಕಾಲಿಗೆ ಕಟ್ಟಿಕೊಳ್ಳುತ್ತಿದ್ದರಂತೆ, ಇಲ್ಲದಿದ್ದರೆ ಅಂಗಾಲು ಸುಲಿಯುತ್ತದೆ. ಪಾದ ಹಿಂದೆ ಮುಂದೆ ಆಡಿಸುತ್ತ, ಕೈಯಿಂದ ಹತ್ತಿಯನ್ನು ಸ್ವಲ್ಪ ಸ್ವಲ್ಪವೇ ಸಲಾಕೆಗೆ ಕೊಟ್ಟಳು. ಅರಳೆ ಸಲಾಕೆಯ ಕೆಳಗೆ ಎಳೆದುಕೊಂಡು ಹೋಗುತ್ತದೆ. ಕಾಳು ದಪ್ಪ, ಅದು ಕೆಳಗೆ ನುಗ್ಗಲಾರದು. ಟಪ್ ಅಂತ ಸಿಡಿದು ಹೊರಗೆ ಬೀಳುತ್ತದೆ. ನಾಲ್ಕೈದು ಕಾಳು ನನ್ನ ಮುಖಕ್ಕೇ ಸಿಡಿದವು.

ಆಯಿಯ ಕಾಲಕ್ಕೆ ಅದು ದೀಪದ ಬತ್ತಿಗೆ ಬೇಕಾಗುವಷ್ಟು ಕೆಲಸ. ಆದರೆ ಅವಳ ಆಯಿ ಆ ಕಲ್ಲಿನ ಮುಂದೆ ದಿನಗಟ್ಟಲೆ ಕೂತವಳು. ಆ ತಗ್ಗು ಅವಳ ಕಾಲಿನದು. ಅವಳ ಅವ್ವನ ಕಾಲಿನದೂ ಇರಬೇಕು.

ಈ ಸಂಗತಿ ನನಗೆ ಯಾಕೆ ಇಷ್ಟು ಮುಖ್ಯ ಅನ್ನಿಸುತ್ತದೆ ಅಂದರೆ, ನಮ್ಮ ಎರೆ ಸೀಮೆಯ ಹತ್ತಿ ಒಂದು ಕಾಲಕ್ಕೆ ಸಮುದ್ರ ದಾಟಿ ಹೋದದ್ದು. ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಅನ್ನುತ್ತಿದ್ದರು. ಬೆಳೆದದ್ದು ಧಾರವಾಡ, ನವಲಗುಂದ, ಗದಗದ ಕಡೆ. ಹೆಸರು ಮಾತ್ರ ಕುಮಟೆಯದು, ಯಾಕಂದರೆ ಹಡಗು ಹತ್ತುತ್ತಿದ್ದದ್ದು ಅಲ್ಲಿ. ಅಂಡಗಿ ಹೇರಿದ ಎತ್ತುಗಳು, ಚಕ್ಕಡಿಗಳು ಘಟ್ಟ ಇಳಿದು ಹೋಗಬೇಕು. ಬಂದರಿನ ಹೆಸರು ದಾಖಲೆಗೆ ಬಂತು. ಹಡಗಿನ ಲೆಕ್ಕ ಬಂತು. ಆ ಅರಳೆಯನ್ನೆಲ್ಲ ಕಾಳಿನಿಂದ ಬಿಡಿಸಿದವರು ಹೆಣ್ಣುಮಕ್ಕಳು. ಅವರ ಒಂದು ಹೆಸರೂ ಎಲ್ಲೂ ಇಲ್ಲ. ಇದ್ದದ್ದು ಕಲ್ಲಿನ ಆ ತಗ್ಗು ಒಂದೇ.

ಈಸ್ಟ್ ಇಂಡಿಯಾ ಕಂಪನಿಗೆ ನಮ್ಮ ಗಿಡ್ಡ ಎಳೆಯ ಹತ್ತಿ ಸಾಲಲಿಲ್ಲ. ಮ್ಯಾಂಚೆಸ್ಟರ್ ಗಿರಣಿಗಳಿಗೆ ಉದ್ದ ಎಳೆ ಬೇಕಿತ್ತು. 1840ರಲ್ಲಿ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಈ ದೇಶಕ್ಕೆ ಕರೆಸಿತು. ಆ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿಬೀಜ ನಮ್ಮ ಎರೆ ಹೊಲಕ್ಕೆ ಬಂತು. ದೇಶದ ಬೇರೆ ಕಡೆ ಎಷ್ಟೋ ಜಾಗದಲ್ಲಿ ಸೋತ ಆ ಬೀಜ ನಮ್ಮಲ್ಲಿ ಬೇರು ಬಿಟ್ಟಿತು. ಅದಕ್ಕೆ ಧಾರವಾಡ ಅಮೆರಿಕನ್ ಅಂತ ಹೆಸರಾಯಿತು.

ಇಲ್ಲೇ ನಮ್ಮ ಕಲ್ಲು ಸೋತದ್ದು. ಅಮೆರಿಕದ ಹತ್ತಿಯ ಅರಳೆ ಕಾಳಿಗೆ ಬಿಗಿಯಾಗಿ ಅಂಟಿರುತ್ತದೆ. ಕಾಲಿನ ಸಲಾಕೆಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್, ಅಂದರೆ ಅರಳೆ ಬಿಡಿಸುವ ಯಂತ್ರ ಬೇಕು, 1793ರಲ್ಲಿ ಅಮೆರಿಕದ ಎಲಿ ವಿಟ್ನಿ ರೂಪಿಸಿದ ಜಿನ್ನಿನಿಂದ ಬೆಳೆದು ಬಂದಂಥದ್ದು. ಸಾಲಾಗಿ ಜೋಡಿಸಿದ ಗರಗಸದ ಬಿಲ್ಲೆಗಳು ತಿರುಗುತ್ತ ಅರಳೆಯನ್ನು ಕಿತ್ತು ಎಳೆಯುತ್ತವೆ, ಕಾಳು ಸರಳಿನ ಆಚೆ ಉಳಿಯುತ್ತದೆ. ಅಂಥ ಜಿನ್ನುಗಳನ್ನು ಮಾಡಲು, ರಿಪೇರಿ ಮಾಡಲು ಧಾರವಾಡದಲ್ಲೇ ಕಾರ್ಖಾನೆ ಶುರುವಾಯಿತು. ಧಾರವಾಡ ಅಂದರೆ ಪೇಢೆ, ಸಂಗೀತ, ಸಾಹಿತ್ಯ ಅನ್ನುತ್ತೇವೆ ಅಲ್ವಾ? ನೂರೈವತ್ತು ವರ್ಷಕ್ಕೂ ಹಿಂದೆ ಅದು ಯಂತ್ರ ಕಟ್ಟುವ ಊರೂ ಆಗಿತ್ತು. ಬಡಿಗರು, ಕಮ್ಮಾರರು ಅಲ್ಲಿ ಹೊಸ ಕೆಲಸ ಕಲಿತರು. ಗರಗಸದ ಜಿನ್ನಿನಲ್ಲಿ ತೆಗೆದ ಧಾರವಾಡ ಅರಳೆಗೆ ಪೇಟೆಯಲ್ಲಿ ಬೇರೆಯೇ ಹೆಸರು, ಬೇರೆಯೇ ದರ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದಾಗ ಅಲ್ಲಿನ ಹತ್ತಿ ನಿಂತುಹೋಯಿತು. ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಬಂದರು ಬೇಕು, ರಸ್ತೆ ಬೇಕು ಅಂತ ಒತ್ತಾಯ ಜಾಸ್ತಿಯಾಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈಗೆ ಸೇರಿಸಿದರು. ಹತ್ತಿಯ ಜಿಲ್ಲೆ ಮುಂಬೈ ಆಡಳಿತದಲ್ಲಿ, ಕಾರವಾರ ಬಂದರು ಮದ್ರಾಸಿನ ಆಡಳಿತದಲ್ಲಿ ಇದ್ದರೆ ಕೆಲಸ ಸಾಗುವುದಿಲ್ಲ ಅನ್ನುವುದು ಅದಕ್ಕೆ ದೊಡ್ಡ ಕಾರಣ. ಹತ್ತಿಯ ಸಲುವಾಗಿ ಒಂದು ಜಿಲ್ಲೆಯೇ ಬೇರೆ ಆಡಳಿತಕ್ಕೆ ಹೋಯಿತು! ದುಡ್ಡಿನ ಆಸೆಗೆ ಕಲಬೆರಕೆಯೂ ಹೆಚ್ಚಿತು. 1863ರಲ್ಲಿ ಮುಂಬೈ ಸರ್ಕಾರ ಹತ್ತಿಯ ಮೋಸ ತಡೆಯಲೆಂದೇ ಕಾಯ್ದೆ ತಂದಿತು. 1865ರಲ್ಲಿ ಯುದ್ಧ ಮುಗಿಯಿತು. ದರ ಕುಸಿಯಿತು. ಸಾಲ ಮಾಡಿ ಹತ್ತಿ ಹಾಕಿದವರ ಪಾಡು ಏನಾಗಿರಬೇಕು, ಈಗಿನ ರೈತನಿಗೆ ನಾನು ಹೇಳಬೇಕಿಲ್ಲ.

1880ರ ದಶಕದಲ್ಲಿ ರೈಲು ಬಂತು. ಚಕ್ಕಡಿಗಳು ಕುಮಟೆಯ ದಾರಿ ಮರೆತವು. ಹುಬ್ಬಳ್ಳಿ, ಗದಗಗಳಲ್ಲಿ ಉಗಿಯಿಂದ ನಡೆಯುವ ಜಿನ್ನುಗಳು, ಪ್ರೆಸ್ಸುಗಳು ಎದ್ದವು.

ಜಿನ್ ಅನ್ನು ನಾನು ಮೊದಲು ನೋಡಿದ್ದು ಎಂಟು ವರ್ಷದವನಿದ್ದಾಗ. ಅಪ್ಪನ ಚಕ್ಕಡಿಯಲ್ಲಿ, ಅಂಡಗಿಗಳ ಮೇಲೆ ಮಲಗಿ ರಾತ್ರಿಯೆಲ್ಲ ಹೋದದ್ದು. ಎತ್ತಿನ ಗೆಜ್ಜೆ, ಗಾಲಿಯ ಕಿರುಗುಟ್ಟು, ಮೇಲೆ ಚುಕ್ಕಿ. ಬೆಳಗಿನ ಜಾವ ದೂರದಿಂದ ಒಂದು ಸದ್ದು ಕೇಳತೊಡಗಿತು. ಮಳೆ ಬರುತ್ತಿದೆ ಅಂದುಕೊಂಡೆ. ಬೇಸಗೆಯಲ್ಲಿ ಎಂಥ ಮಳೆ? ಅಪ್ಪ "ಜಿನ್ ಬಂತು, ಏಳು" ಅಂದ.

ಒಳಗೆ ಉದ್ದಕ್ಕೂ ಸಾಲು ಸಾಲು ಜಿನ್ನುಗಳು. ಎಲ್ಲವನ್ನೂ ತಿರುಗಿಸುವುದು ಒಂದೇ ಉದ್ದನೆಯ ಶಾಫ್ಟು. ಅದರಿಂದ ಪ್ರತಿ ಜಿನ್ನಿಗೂ ಒಂದೊಂದು ಪಟ್ಟಾ. ಇವು ರೋಲಿನ ಜಿನ್ನುಗಳು. ತೊಗಲು ಹೊದಿಸಿದ ರೋಲು ತಿರುಗುತ್ತ ಅರಳೆಯನ್ನು ಹಿಡಿದೆಳೆಯುತ್ತದೆ. ರೋಲಿಗೆ ಒತ್ತಿಕೊಂಡು ಒಂದು ಚೂರಿ ನಿಂತಿರುತ್ತದೆ. ಇನ್ನೊಂದು ಚೂರಿ ಮೇಲೆ ಕೆಳಗೆ ಬಡಿಯುತ್ತ ಕಾಳನ್ನು ಉದುರಿಸುತ್ತದೆ. ನೀವು ಗಮನಿಸಿದಿರಾ? ಆಯಿಯ ಸಲಾಕೆ ಮಾಡಿದ ಕೆಲಸವೇ ಇದು. ಅರಳೆ ಒಳಗೆ ಹೋಗಲಿ, ಕಾಳು ಹೊರಗೆ ನಿಲ್ಲಲಿ. ಕಾಲಿನ ಜಾಗಕ್ಕೆ ಉಗಿ ಬಂತು, ಆಮೇಲೆ ಎಣ್ಣೆ ಎಂಜಿನ್ ಬಂತು, ಕರೆಂಟು ಬಂತು. ಒಂದು ಕ್ವಿಂಟಲ್ ಹತ್ತಿ ಕೊಟ್ಟರೆ ಸುಮಾರು ಮೂರರಲ್ಲಿ ಒಂದು ಪಾಲು ಅರಳೆ. ಉಳಿದದ್ದು ಬಹುಪಾಲು ಕಾಳು. ಹಾಲು ಹಿಂಡುವ ಎಮ್ಮೆಗೆ ಕಾಳನ್ನು ನೆನೆಹಾಕಿ ಕೊಡುತ್ತಿದ್ದೆವು. ಆ ಹಾಲಿನ ಮೊಸರಿನ ರುಚಿ ಈಗಲೂ ನಾಲಗೆಯ ಮೇಲಿದೆ.

ಜಿನ್ನಿಗೆ ಹತ್ತಿ ಉಣಿಸುತ್ತಿದ್ದವರು ಹೆಣ್ಣುಮಕ್ಕಳೇ. ಕಲ್ಲಿನ ಮುಂದೆ ಕೂತವರ ಮೊಮ್ಮಕ್ಕಳು, ಮರಿಮಕ್ಕಳು. ಸೆರಗನ್ನು ಮೂಗಿಗೆ ಬಿಗಿದು, ರೆಪ್ಪೆಯ ಮೇಲೆ, ಹುಬ್ಬಿನ ಮೇಲೆ ಬಿಳಿ ಧೂಳು ಹೊತ್ತು ನಿಂತಿದ್ದರು. ಇಪ್ಪತ್ತರ ಹೆಣ್ಣುಮಗಳೂ ಮುದುಕಿಯಂತೆ ಕಾಣುತ್ತಿದ್ದಳು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಕಣ್ಣಿನಲ್ಲಿ, ಕೈಯಲ್ಲಿ ಮಾತಾಡುತ್ತಿದ್ದರು. ಅವರ ಕೆಮ್ಮು ಮಾತ್ರ ಸದ್ದು ನಿಂತಾಗ ಕೇಳುತ್ತಿತ್ತು. ಹಳೆಯ ಯಂತ್ರ ಚೆಂದವಿತ್ತು ಅಂತ ಹೇಳುವಾಗ ಈ ಕೆಮ್ಮನ್ನು ಬಿಟ್ಟು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಒಬ್ಬ ಫಿಟರ್ ಇದ್ದ. ಅವನು ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಇದ್ದಕ್ಕಿದ್ದ ಹಾಗೆ ಎದ್ದು ಹೋಗಿ ಸಾಲಿನ ಒಂದು ಜಿನ್ನಿನ ಪಟ್ಟಾ ಬಿಡಿಸುತ್ತಿದ್ದ. ಅಷ್ಟೂ ಜಿನ್ನುಗಳ ನಡುವೆ ಒಂದರ ಚೂರಿ ಮೊಂಡಾದದ್ದು ಅವನ ಕಿವಿಗೆ ತಿಳಿಯುತ್ತಿತ್ತು. ಆ ಕಿವಿಯ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ಬರೆಯಲು ಬರುವಂಥದ್ದೂ ಅಲ್ಲ.

ಜಿನ್ನಿನಿಂದ ಅರಳೆ ಪ್ರೆಸ್ಸಿಗೆ ಹೋಗುತ್ತಿತ್ತು. ಅಲ್ಲಿ ಒತ್ತಿ ಒತ್ತಿ, ಕಬ್ಬಿಣದ ಪಟ್ಟಿ ಬಿಗಿದು ಗಾಸಡಿ ಕಟ್ಟುತ್ತಿದ್ದರು. ಈಗಿನ ಲೆಕ್ಕದಲ್ಲಿ ಒಂದು ಗಾಸಡಿ ಅಂದರೆ 170 ಕಿಲೋ. ಹುಬ್ಬಳ್ಳಿಯ ಗಿರಣಿಯಲ್ಲಿ ಅದು ನೂಲಾಗುತ್ತಿತ್ತು. ಗಿರಣಿಯ ಭೋಂಗಾ ಕೂಗಿದರೆ ಗಡಿಯಾರ ಇಲ್ಲದ ಮನೆಗಳಲ್ಲಿ ಒಲೆ ಹೊತ್ತುತ್ತಿತ್ತು. ಇವತ್ತು ಹುಬ್ಬಳ್ಳಿಯ ಕಾಟನ್ ಮಾರ್ಕೆಟ್ಟಿನಲ್ಲಿ ಓಡಾಡಿದರೆ ಅಂಗಡಿ, ಆಫೀಸು, ಹೋಟೆಲು ಕಾಣುತ್ತವೆ. ಗಿರಣಿಚಾಳ ಅನ್ನುವ ಹೆಸರೂ ಉಳಿದಿದೆ. ಆಟೋದವನಿಗೆ ಹೇಳಿದರೆ ಸರಿಯಾಗಿ ಕರೆದುಕೊಂಡು ಹೋಗುತ್ತಾನೆ.

ಹತ್ತಿಯ ತಳಿಗಳ ಹೆಸರು ನಾನು ಕಲಿತದ್ದು ರೇಡಿಯೋದ ಪೇಟೆ ಧಾರಣೆಯಿಂದ. ಜಯಧರ, ಲಕ್ಷ್ಮಿ. ಆಗ ಅವು ಬರೀ ಹೆಸರು. ದೊಡ್ಡವನಾದ ಮೇಲೆ ಅವುಗಳ ವಂಶ ತಿಳಿಯಿತು. ಧಾರವಾಡ ಅಮೆರಿಕನ್ ಹತ್ತಿಯಿಂದ ಆರಿಸಿ ಬೆಳೆಸಿದ್ದು ಗದಗ ಒಂದು ಅನ್ನುವ ತಳಿ. ಅದಕ್ಕೆ ಕೊಯಮತ್ತೂರಿನ ಕಾಂಬೋಡಿಯಾ ಹತ್ತಿ ಕೂಡಿಸಿದಾಗ ಹುಟ್ಟಿದ್ದು ಲಕ್ಷ್ಮಿ. ಅಂದರೆ 1840ರ ದಶಕದಲ್ಲಿ ಹಡಗಿನಲ್ಲಿ ಬಂದ ಬೀಜದ ಮೊಮ್ಮಗಳು ನಮ್ಮ ಹೊಲದಲ್ಲಿದ್ದಳು. ಜಯಧರ ಮಾತ್ರ ಕುಮಟಾ ಹತ್ತಿಯ ಕುಲದ್ದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಬಿತ್ತಿದರೆ ಮಳೆ ಹೋದ ಮೇಲೂ ಎರೆಮಣ್ಣಿನ ತೇವ ಹೀರಿಕೊಂಡೇ ಬೆಳೆಯುತ್ತದೆ. ಆಯಿಯ ಕಲ್ಲಿಗೆ ಒಪ್ಪುವ ಹತ್ತಿ ಅದು. 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್ 32 ಬಂದವು. ಎರಡೂ ಈ ಸೀಮೆಯ ವಿಜ್ಞಾನಿಗಳ ದೊಡ್ಡ ಸಾಧನೆ. 2002ರಲ್ಲಿ ಕುಲಾಂತರಿ ಬಿಟಿ ಹತ್ತಿ ಬಂತು. ಜಯಧರ ಈಗ ಹುಡುಕಿದರೆ ಸಿಗುತ್ತದೆ, ಅಷ್ಟೇ.

ಹತ್ತಿಯ ಜೊತೆ ಬದುಕಿದ ಕೆಲಸಗಳೂ ಹೀಗೇ. ಬೇಸಗೆಯಲ್ಲಿ ಪಿಂಜಾರರು ಓಣಿಗೆ ಬರುತ್ತಿದ್ದರು. ಹೆಗಲ ಮೇಲೆ ದೊಡ್ಡ ಬಿಲ್ಲು. ಅದರ ನರದ ಹುರಿಯನ್ನು ಮರದ ಕೊಡತಿಯಿಂದ ಮೀಟಿದರೆ ಟೊಂಯ್ ಅನ್ನುವ ನಾದ. ಗಂಟುಗಟ್ಟಿದ ಹಳೆಯ ಗಾದಿಯ ಅರಳೆ ಮೋಡದಂತೆ ಎದ್ದು ನಿಲ್ಲುತ್ತಿತ್ತು. ಈಗ ಗಾದಿ ಅಂದರೆ ಫೋಮ್. ಹಳೆಯ ಸೀರೆಗಳನ್ನು ಪದರ ಪದರ ಹಾಕಿ ಹೊಲಿದ ಕೌದಿ ಇನ್ನೂ ಕೆಲವು ಮನೆಗಳಲ್ಲಿದೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇಂದಿಗೂ ಖಾದಿಯಿಂದ ರಾಷ್ಟ್ರಧ್ವಜ ಹೊಲಿಯುತ್ತಾರೆ. 1957ರ ನವೆಂಬರ್ 1ರಂದು ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅದು. ಧಾರವಾಡದ ಹತ್ತಿರದ ಗರಗದಲ್ಲಿ ಧ್ವಜದ ಬಟ್ಟೆ ನೇಯುತ್ತ ಬಂದಿದ್ದಾರೆ. ಅಲ್ಲೂ ನೂಲುವವರಲ್ಲಿ, ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಕೊನೆಗೆ ಧ್ವಜಸಂಹಿತೆ ಬದಲಾಗಿ, ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅವಕಾಶ ಸಿಕ್ಕಿತು. ಕೈನೂಲಿನವರಿಗೆ ಅದು ದೊಡ್ಡ ಪೆಟ್ಟು. ನನಗೆ ಇದು ತುಂಬಾ ನೋವಿನ ಸಂಗತಿ. ಆಗಸ್ಟ್ ತಿಂಗಳಲ್ಲಿ ಧ್ವಜ ಕೊಳ್ಳುವವರು ಒಮ್ಮೆ ಬೆಂಗೇರಿಗೆ ಹೋಗಿ ಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ನಮ್ಮ ಹಳ್ಳಿಮನೆಯನ್ನು ಕೆಲವು ವರ್ಷಗಳ ಹಿಂದೆ ಕೆಡವಿ ಹೊಸದಾಗಿ ಕಟ್ಟಿದರು. ನಾನು ಧಾರವಾಡದಿಂದ ಹೋಗುವಷ್ಟರಲ್ಲಿ ಹಿತ್ತಲ ಕಲ್ಲು ಬುನಾದಿ ಸೇರಿತ್ತು. ಯಾವ ಮೂಲೆಗೆ ಹಾಕಿದರು ಅನ್ನುವುದೂ ಕೆಲಸದವರಿಗೆ ನೆನಪಿರಲಿಲ್ಲ. ಅವರದೇನು ತಪ್ಪು, ನಾನೇ ಮೊದಲು ಹೇಳಬೇಕಿತ್ತು. ಕೊಟ್ಟಿಗೆಯ ಸಾಮಾನು ಮೋಡಕಾದವನ ಗಾಡಿಯಲ್ಲಿತ್ತು. ಹರಿದ ತಗಡು, ಮುರಿದ ಕುಂಟೆಯ ತಾಳು, ನಡುವೆ ನಮ್ಮ ಸಲಾಕೆ. ತೂಕದ ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದೆ.

ನಿಮ್ಮ ಹಳ್ಳಿಮನೆಗೆ ಹೋದಾಗ ಹಿತ್ತಲಿನ ಕಲ್ಲುಗಳ ಮೇಲೆ ಒಮ್ಮೆ ಕೈಯಾಡಿಸಿ. ಕೊಟ್ಟಿಗೆಯ ಅಗಳಿಯನ್ನು ಎತ್ತಿ ನೋಡಿ. ನಡುವೆ ದಪ್ಪ, ತುದಿ ಸಣ್ಣ ಇದ್ದರೆ, ಅದು ಅಗಳಿ ಅಲ್ಲ.

ನಮಸ್ಕಾರ.